ಒರಿಜಿನಲ್ ಭಾವ

ನಿಮ್ಮ ನೆಂಟರಿಷ್ಟರಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಮೈಸೂರ್ ಪಾಕ್ ತಂದುಕೊಟ್ಟರೆ ಬಾಯಿಗಿಡುವ ಮುಂಚೆ ಡಬ್ಬದ ತಳ ತಿರುಗಿಸಿ ನೋಡುತ್ತಾರೆ. ಜೇನುತುಪ್ಪವನ್ನು ನೀರಿಗೆ ಬಿಟ್ಟು ಕಣ್ಣು ಕಿರಿದು ಮಾಡುತ್ತಾರೆ. ರೇಷ್ಮೆ ಸೀರೆ ಅಂದರೆ ಸೆರಗಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು ಮೂಸುತ್ತಾರೆ. ನಾವು ಮಸಾಲೆದೋಸೆ ಮುಗಿಸಿ ತೃಪ್ತಿಯಿಂದ ಕೈ ಒರೆಸಿಕೊಳ್ಳುವಾಗ, "ಚೆನ್ನಾಗಿದೆ. ಆದ್ರೆ ಒರಿಜಿನಲ್ ಹೋಟ್ಲು ಇದಲ್ಲ, ಅದು ಹಿಂದಿನ ಬೀದೀಲಿತ್ತು, ಮುಚ್ಚಿಹೋಯ್ತು" ಎಂದು ನಮ್ಮ ತೇಗನ್ನೂ ನಕಲಿ ಮಾಡಿಬಿಡುತ್ತಾರೆ. ನಮ್ಮ ಮನೆತನದಲ್ಲಿ ಈ ಪೀಠಕ್ಕೆ ಅಧಿಪತಿ ನಮ್ಮ ಭಾವ.

ಭಾವ ಸ್ಟುಟ್‌ಗಾರ್ಟಿನ ಹತ್ತಿರ ಕಾರಿನ ಬಿಡಿಭಾಗ ತಯಾರಿಸುವ ಕಡೆ ಕ್ವಾಲಿಟಿ ವಿಭಾಗದಲ್ಲಿದ್ದಾರೆ. ಜೆನ್ಯೂಯಿನ್ ಪಾರ್ಟು ಯಾವುದು, ಡೂಪ್ಲಿಕೇಟ್ ಯಾವುದು ಎಂದು ಬೇರ್ಪಡಿಸುವುದೇ ಕಸುಬು. ಸಂಬಳಕ್ಕೆ ಮಾಡುವ ಕೆಲಸವನ್ನು ರಜೆಯಲ್ಲಿ ಬಿಟ್ಟಿಯಾಗಿ ಮುಂದುವರಿಸುತ್ತಾರೆ, ಅಷ್ಟೇ. ಅಕ್ಕ ಮೈಸೂರಿನಲ್ಲಿ ಹಿಸ್ಟರಿ ತಗೊಂಡು ಬಿ.ಎ. ಮಾಡಿದವಳು. ಆದರೆ ಮನೆಯಲ್ಲಿ ಚರಿತ್ರೆಯ ಬಗ್ಗೆ ಮಾತಾಡುವ ಹಕ್ಕು ಇಂಜಿನಿಯರಿಂಗ್ ಓದಿದ ಭಾವನದು. ಅಕ್ಕ ಅದಕ್ಕೆ ತಕರಾರು ಮಾಡಿದವಳಲ್ಲ. ಹೋಗುವ ಜಾಗದ ವಿಷಯವೆಲ್ಲ ಮೊದಲೇ ಓದಿಕೊಂಡಿರುತ್ತಾಳೆ. ಬಾಯಿ ಬಿಡುವುದು ಮಾತ್ರ ಭಾವ ಪೂರ್ತಿ ಪರವಶರಾದ ಮೇಲೆ. ಅವಳ ಮುಹೂರ್ತ ತಪ್ಪಿದ್ದನ್ನು ನಾನು ಕಾಣೆ.

ಇಂಥ ದಂಪತಿ ಬೇಸಿಗೆಯಲ್ಲಿ ದಕ್ಷಿಣ ಜರ್ಮನಿಯ ಕೋಟೆಗಳನ್ನು ನೋಡಲು ಕಾರಿನಲ್ಲಿ ಹೊರಟಿತು. ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಗೊಜ್ಜು, ಕಾಫಿ ಫಿಲ್ಟರು ಮತ್ತು ನಾನು. ಭಾವನ ಷರತ್ತು ಒಂದೇ: "ಟೂರಿಸ್ಟ್ ಜಾಗ ಬೇಡ ಕಣೇ. ನಂಗೆ ಅಸಲಿ ಹಳೇ ಕಾಲ ಬೇಕು. ಮಧ್ಯಯುಗ!"

"ಆಯ್ತು ರೀ" ಅಂದಳು ಅಕ್ಕ. ಆ 'ಆಯ್ತು' ಕೇಳಿದಾಗಲೇ ನನಗೆ ಅನುಮಾನ ಬಂದಿತ್ತು.

ಭಾವನ ಡ್ರೈವಿಂಗ್ ಬಗ್ಗೆ ಒಂದು ಮಾತು. ಆಟೋಬಾನಿನಲ್ಲಿ ವೇಗಮಿತಿ ಇಲ್ಲದ ಕಡೆ ಸರ್ಕಾರ ಗಂಟೆಗೆ 130 ಕಿ.ಮೀ. ಎಂದು ಸಲಹೆಯನ್ನಷ್ಟೇ ಕೊಡುತ್ತದೆ. ಭಾವ ಸಲಹೆಯನ್ನು ಕಾನೂನು ಮಾಡಿಕೊಂಡು, ಆ ಕಾನೂನಿನಿಂದಲೂ ಇಪ್ಪತ್ತು ಕಳೆದು ಓಡಿಸುತ್ತಾರೆ. ಹಿಂದಿನವರು ಲೈಟು ಮಿನುಗಿಸಿ, ರೊಯ್ಯನೆ ಪಕ್ಕಕ್ಕೆ ಬಂದು, ನಮ್ಮನ್ನು ಕನಿಕರದಿಂದ ನೋಡಿ ಮುಂದೆ ಹೋಗುತ್ತಾರೆ. "ಹೊರಗಿನಿಂದ ಬಂದೋರು ಇರ್ಬೇಕು. ಒರಿಜಿನಲ್ ಜರ್ಮನ್ನರು ಹೀಗೆ ಓಡ್ಸಲ್ಲ" ಅನ್ನುತ್ತಾರೆ ಭಾವ.

ಮೊದಲನೆಯದು ಲಿಕ್ಟೆನ್‌ಸ್ಟೈನ್. ದೇಶವಲ್ಲ, ಸ್ಟುಟ್‌ಗಾರ್ಟಿನ ದಕ್ಷಿಣದ ಬೆಟ್ಟಗಳ ಅಂಚಿನಲ್ಲಿರುವ ಕೋಟೆ. ಕೆಳಗೆ ಕಣಿವೆ, ಮೇಲೆ ಒಂಟಿ ಬಂಡೆ, ಬಂಡೆಯ ನೆತ್ತಿಯ ಮೇಲೆ ಗೋಪುರ, ಹೋಗಲು ಒಂದು ಸಣ್ಣ ಸೇತುವೆ. ಭಾವನ ಕಂಠ ಗದ್ಗದವಾಯಿತು. "ಕ್ರೇನ್ ಇಲ್ಲ, ಸಿಮೆಂಟ್ ಇಲ್ಲ. ಆ ಕಾಲದೋರ ಧೈರ್ಯ ನೋಡು!" ಅಕ್ಕ ಫೋಟೋ ತೆಗೆದು, ಫೋನನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು ಹೇಳಿದಳು: "ಇದು ಕಾದಂಬರಿ ಓದಿ ಕಟ್ಸಿದ್ದು ರೀ."

ಸಂಗತಿ ನಿಜ. ವಿಲ್‌ಹೆಲ್ಮ್ ಹೌಫ್ ಎಂಬ ಲೇಖಕ 1826ರಲ್ಲಿ 'ಲಿಕ್ಟೆನ್‌ಸ್ಟೈನ್' ಎಂಬ ಐತಿಹಾಸಿಕ ಕಾದಂಬರಿ ಬರೆದ. ವ್ಯುರ್ಟೆಂಬರ್ಗಿನ ರಾಜಮನೆತನದ ಕೌಂಟ್ ವಿಲ್‌ಹೆಲ್ಮ್ ಅದನ್ನು ಓದಿ ಮರುಳಾಗಿ, ಹಳೆಯ ಪಾಯದ ಮೇಲೆ 1840ರಿಂದ 42ರೊಳಗೆ ಈ ಕೋಟೆ ಎಬ್ಬಿಸಿದ. ಮೊದಲು ಪುಸ್ತಕ, ಆಮೇಲೆ ಕೋಟೆ. ಓದುಗನೊಬ್ಬ ಲೇಖಕನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಮಾಡಿದ್ದನ್ನು ನಾನು ಕೇಳಿಲ್ಲ. ಭಾವನಿಗೆ ಅದು ಬೇಕಾಗಿರಲಿಲ್ಲ. "ಅಂದ್ರೆ ಸಿನಿಮಾ ಸೆಟ್ಟು" ಎಂದು ತೀರ್ಪು ಕೊಟ್ಟು ಕಾರು ಹತ್ತಿದರು.

ಹೋಹೆನ್‌ಝೊಲರ್ನ್ ಕೋಟೆ ದೂರದಿಂದಲೇ ಕಾಣುತ್ತದೆ. 855 ಮೀಟರ್ ಎತ್ತರದ ಬೆಟ್ಟ, ತುದಿಯಲ್ಲಿ ಗೋಪುರಗಳ ಗುಂಪು. ಜರ್ಮನಿಯ ಕೈಸರ್‌ಗಳ ಮೂಲಸ್ಥಾನ ಎಂದ ಮೇಲೆ ಭಾವ ಮತ್ತೆ ಅರಳಿದರು. ಅಕ್ಕ ಈ ಸಲ ಬೆಟ್ಟ ಹತ್ತಿ ಉಸಿರು ಬಿಡುವ ತನಕ ಕಾದಳು. ಮೊದಲ ಕೋಟೆಯನ್ನು 1423ರಲ್ಲಿ ಕೆಡವಿದರು, ಎರಡನೆಯದು ಪಾಳುಬಿತ್ತು, ಕಣ್ಣೆದುರಿಗಿರುವುದು ಪ್ರಶಿಯಾದ ದೊರೆ ನಾಲ್ಕನೇ ಫ್ರೆಡ್ರಿಕ್ ವಿಲ್‌ಹೆಲ್ಮ್ 1850ರಲ್ಲಿ ಶುರುಮಾಡಿಸಿ, 1867ರಲ್ಲಿ ಮುಗಿದ ಮೂರನೆಯದು. "ಥರ್ಡ್ ಹ್ಯಾಂಡು!" ಎಂದರು ಭಾವ. ಹಳೆಯ ಕಾಲದಿಂದ ಉಳಿದದ್ದು ಒಂದು ಪುಟ್ಟ ಪ್ರಾರ್ಥನಾಮಂದಿರ ಎಂದು ಗೊತ್ತಾದ ಮೇಲೆ ಉಳಿದ ಹೊತ್ತೆಲ್ಲ ಅದರೊಳಗೇ ಕೂತರು. ಟಿಕೆಟ್ಟಿನ ದುಡ್ಡು ಅಲ್ಲಾದರೂ ಹುಟ್ಟಬೇಕಲ್ಲ.

ಅಕ್ಕನಿಗೆ ಟ್ಯೂಬಿಂಗೆನ್ ನೋಡಲೇಬೇಕಿತ್ತು. ಕನ್ನಡ ನಿಘಂಟಿನ ಕಿಟ್ಟೆಲ್ ಕೊನೆಗಾಲದಲ್ಲಿದ್ದ ಊರು; 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ನಿಘಂಟಿಗಾಗಿ ಅಲ್ಲಿನ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು; 1903ರಲ್ಲಿ ಆತ ತೀರಿಕೊಂಡದ್ದೂ ಅಲ್ಲೇ. "ಅವ್ರು ಇದ್ದ ಮನೆ ಒರಿಜಿನಲ್ಲಾಗಿ ಇದ್ಯಾ?" ಎಂದು ಭಾವ ವಿಚಾರಿಸಿದರು. "ನಿಘಂಟು ಒರಿಜಿನಲ್ಲಾಗಿದೆ, ಸಾಲ್ದಾ?" ಎಂದಳು ಅಕ್ಕ. ಸಾಕು ಎನ್ನದೆ ವಿಧಿಯಿರಲಿಲ್ಲ. ನೆಕ್ಕರ್ ನದಿಯ ದಡದಲ್ಲಿ ಗಳ ಊರಿ ದೋಣಿ ನಡೆಸುವ ಹುಡುಗರನ್ನು ನೋಡುತ್ತಾ ಓಡಾಡಿದೆವು. ಮಧ್ಯಾಹ್ನ ಹೋಟೆಲಿನಲ್ಲಿ ಭಾವ ಮೆನು ಮಡಚಿಟ್ಟು, ಆ ಸೀಮೆಯ ಸ್ವೇಬಿಯನ್ನರ ಅಸಲಿ ಅಡುಗೆ ಬೇಕೆಂದರು. ಪರಿಚಾರಿಕೆ ಮೌಲ್‌ಟಾಶೆ ಹೇಳಿದಳು. ಹಿಟ್ಟಿನ ಹಾಳೆಯೊಳಗೆ ಹೂರಣ ತುಂಬಿ ಬೇಯಿಸಿದ ತಿನಿಸು. ಈಸ್ಟರಿಗೆ ಮುಂಚಿನ ಉಪವಾಸದಲ್ಲಿ ಮಾಂಸ ಬಿಡಲಾರದ ಸನ್ಯಾಸಿಗಳು, ದೇವರ ಕಣ್ಣಿಗೆ ಬೀಳದಿರಲಿ ಎಂದು ಅದನ್ನು ಹಿಟ್ಟಿನೊಳಗೆ ಬಚ್ಚಿಟ್ಟರು ಎಂಬುದು ಅದರ ಸ್ಥಳಪುರಾಣ. ನಮ್ಮ ಭಾವನೋ ಮೊಟ್ಟೆ ಕಂಡರೂ ಮುಖ ತಿರುಗಿಸುವವರು. ಪರಿಚಾರಿಕೆಯನ್ನು ಹತ್ತಿರ ಕರೆದು, ದನಿ ತಗ್ಗಿಸಿ, ತರಕಾರಿ ತುಂಬಿದ ಡೂಪ್ಲಿಕೇಟ್ ಇದೆಯಾ ಎಂದು ಕೇಳಿದರು. ಅವರ ಬಾಯಲ್ಲಿ ಅಂಥ ಬೇಡಿಕೆ ನಾನು ಕೇಳಿದ್ದು ಅದೊಂದೇ ಸಲ.

ಇನ್ನು ರೋಥೆನ್‌ಬುರ್ಗ್. ಕ್ಯಾಲೆಂಡರಿನಲ್ಲಿ, ಬಿಸ್ಕತ್ತಿನ ಡಬ್ಬಿಯ ಮೇಲೆ ನೀವು ನೋಡಿರಬಹುದಾದ ಊರು: ಮರದ ಪಟ್ಟಿ ಬಿಗಿದ ಗೋಡೆಗಳ ಮನೆಗಳು, ಕಲ್ಲುಹಾಸಿನ ಬೀದಿ, ಸುತ್ತ ಕೋಟೆಗೋಡೆ. ಬೇಸಿಗೆಯ ಬಿಸಿಲಿನಲ್ಲೂ ಕ್ರಿಸ್‌ಮಸ್ ಮರದ ಅಲಂಕಾರ ಮಾರುವ ಅಂಗಡಿ. ಭಾವ ಅಂಗಡಿಗಳತ್ತ ತಲೆ ಎತ್ತದೆ ನೇರ ಗೋಡೆ ಹತ್ತಿದರು. ಮೇಲಿನ ಚಾವಣಿಯಡಿ ನಡೆಯುತ್ತಾ, ಕಲ್ಲಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, "ಆರುನೂರು ವರ್ಷ ಕಣೋ! ಮುಟ್ಟು, ಮುಟ್ಟು" ಎಂದು ನನ್ನ ಕೈಯನ್ನೂ ಒತ್ತಿದರು. ನನ್ನ ಬೆರಳಿಗೆ ಅಕ್ಷರ ಸಿಕ್ಕಿತು. ಒಂದು ಹೆಸರು, ಒಂದು ಊರು. ಪಕ್ಕದ ಕಲ್ಲಿನಲ್ಲಿ ಇನ್ನೊಂದು ಹೆಸರು. ಮುಂದೆ ಜಪಾನಿನ ಯಾರೋ.

ಅಕ್ಕನ ಮುಹೂರ್ತ ಕೂಡಿ ಬಂತು. 1945ರ ಮಾರ್ಚ್ 31ರಂದು ಬಿದ್ದ ಬಾಂಬುಗಳಿಗೆ ಹಳೆಯ ಊರಿನ ದೊಡ್ಡ ಭಾಗ, ಗೋಡೆಯೂ ಸೇರಿ, ನೆಲಸಮವಾಗಿತ್ತು. ಮೀಟರಿಗಿಷ್ಟು ಎಂದು ಪ್ರಪಂಚದಾದ್ಯಂತ ದೇಣಿಗೆ ಎತ್ತಿ ಮತ್ತೆ ಕಟ್ಟಿದರು. ಕೊಟ್ಟವರ ಹೆಸರು ಕಲ್ಲಿನಲ್ಲಿ ಕೂತಿತು. ನಮ್ಮ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ 'ಸೇವಾರ್ಥ' ಎಂದು ಬರೆಸಿ ಬೆಳಕಿನ ಮುಕ್ಕಾಲು ಪಾಲು ತಾವೇ ತಡೆಯುವ ದಾನಿಗಳು ನೆನಪಾದರು. ಭಾವ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

ಚೌಕದಲ್ಲಿ ಇನ್ನೊಂದು ಏಟು ಕಾದಿತ್ತು. ಗಂಟೆ ಹೊಡೆದಾಗ ಗಡಿಯಾರದ ಪಕ್ಕದ ಕಿಟಕಿ ತೆರೆದು ಎರಡು ಗೊಂಬೆಗಳು ಕಾಣುತ್ತವೆ. ಒಬ್ಬ ಸೇನಾಪತಿ ಟಿಲ್ಲಿ, ಇನ್ನೊಬ್ಬ ಊರಿನ ಮೇಯರ್. 1631ರಲ್ಲಿ ಊರನ್ನು ಸುಡಲು ಬಂದ ಟಿಲ್ಲಿ, ಮೂರೂಕಾಲು ಲೀಟರ್ ವೈನನ್ನು ಒಂದೇ ಸಲ ಕುಡಿಯುವ ಗಂಡಸಿದ್ದರೆ ಬಿಟ್ಟುಬಿಡುತ್ತೇನೆ ಎಂದನಂತೆ. ಮೇಯರ್ ಕುಡಿದು ಊರು ಉಳಿಸಿದನಂತೆ. ಭಾವ ಈಗ ಹುಷಾರಾಗಿದ್ದರು. "ಇದಾದ್ರೂ ನಡೆದಿದ್ದಾ?" ಎಂದು ಅಕ್ಕನನ್ನೇ ಕೇಳಿದರು. "ಊರಿಗೆ ಊರೇ 1881ರಿಂದ ನಾಟಕ ಆಡ್ತಿದೆ ರೀ" ಎಂದಳು. ಉತ್ತರ ಅಲ್ಲಿಗೆ ಮುಗಿಯಿತು.

ಅಲ್ಲಿಂದ ದಕ್ಷಿಣಕ್ಕೆ 'ರೊಮ್ಯಾಂಟಿಕ್ ರಸ್ತೆ'. ವ್ಯುರ್ಟ್ಸ್‌ಬುರ್ಗಿನಿಂದ ಆಲ್ಪ್ಸ್ ಬುಡದ ಫ್ಯುಸೆನ್ ತನಕ ಹಳೆಯ ಊರುಗಳನ್ನು ಪೋಣಿಸುವ ದಾರಿ. ಸಾಮ್ರಾಟರ ಕಾಲದ ವ್ಯಾಪಾರಿಗಳ ಹೆದ್ದಾರಿ ಇದು ಎಂದು ಭಾವ ಸ್ಟೀರಿಂಗ್ ಹಿಡಿದು ವಿವರಿಸುತ್ತಿದ್ದಾಗ ಒಂದು ಫಲಕ ಬಂತು. ಜರ್ಮನ್ ಕೆಳಗೆ ಜಪಾನಿ ಲಿಪಿ. ಭಾವ ಬ್ರೇಕ್ ಒತ್ತಿದರು. "ಆ ಕಾಲದ ವ್ಯಾಪಾರಿಗಳಿಗೆ ಜಪಾನಿ ಬರ್ತಿತ್ತೇನೇ?"

"1950ರಲ್ಲಿ ಟೂರಿಸ್ಟ್‌ಗಳಿಗೋಸ್ಕರ ಮಾಡಿದ ರೂಟು ರೀ. ಯುದ್ಧ ಆದ್ಮೇಲೆ ಜನ ಬರ್ಲಿ ಅಂತ."

ರಸ್ತೆಯೂ ನಕಲಿ ಎಂದು ತಿಳಿದ ಮನುಷ್ಯ ಇನ್ನು ಯಾವುದನ್ನು ನಂಬಿಯಾನು? ಡಿಂಕೆಲ್ಸ್‌ಬ್ಯುಲ್ ಯುದ್ಧದ ಏಟು ತಿನ್ನದೆ ಉಳಿದ ಅಸಲಿ ಹಳೆಯ ಊರು. ಭಾವ ಕಾರಿನಿಂದ ಇಳಿಯಲಿಲ್ಲ.

ನ್ಯೋರ್ಡ್ಲಿಂಗೆನ್‌ನಲ್ಲಿ ರಾತ್ರಿ ತಂಗಿದೆವು. ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ಹಿಡಿಸಿದ ಊರು ಅದು. ಸುಮಾರು 1.5 ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಿದ್ದ ಬಂಡೆಯೊಂದು ಕೊರೆದ, ಇಪ್ಪತ್ತೈದು ಕಿಲೋಮೀಟರ್ ಅಗಲದ ಕುಳಿಯೊಳಗೆ ಊರು ಕೂತಿದೆ. ಬಹುಕಾಲ ಅದನ್ನು ಜ್ವಾಲಾಮುಖಿಯ ಬಾಯಿ ಎಂದೇ ತಿಳಿದಿದ್ದರು. ಯೂಜೀನ್ ಶೂಮೇಕರ್ ಮತ್ತು ಎಡ್ವರ್ಡ್ ಚಾವೊ ಎಂಬ ವಿಜ್ಞಾನಿಗಳು 1960ರಲ್ಲಿ ಕಲ್ಲು ಪರೀಕ್ಷಿಸಿ ಉಲ್ಕೆಯ ಕೆಲಸ ಎಂದು ತೋರಿಸಿಕೊಟ್ಟರು. 1970ರಲ್ಲಿ ಅಪೊಲೊ 14ರ ಗಗನಯಾತ್ರಿಗಳು ಚಂದ್ರನಿಗೆ ಹೋಗುವ ಮುಂಚೆ ಕಲ್ಲು ಗುರುತಿಸುವ ಪಾಠಕ್ಕೆ ಇಲ್ಲಿಗೇ ಬಂದಿದ್ದರು. ಊರಿನ ಚರ್ಚು ಕಟ್ಟಿದ್ದು ಆ ಹೊಡೆತಕ್ಕೆ ಕರಗಿ ಬೆಸೆದ ಕಲ್ಲಿನಿಂದ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರಗಳಿವೆ. ಕೋಟೆಗೋಡೆಯೂ ಅಸಲಿ, ಸುಮಾರು 2.7 ಕಿಲೋಮೀಟರ್, ಎಲ್ಲೂ ತುಂಡಾಗದೆ ಊರನ್ನು ಪೂರ್ತಿ ಸುತ್ತುತ್ತದೆ.

ಅಕ್ಕ ಇಲ್ಲಿ ಮಾತ್ರ ಮುಹೂರ್ತ ನೋಡದೆ ಮೊದಲೇ ಎಲ್ಲ ಹೇಳಿದಳು, ಪಾಪ, ಗಂಡ ಸಂತೋಷಪಡಲಿ ಎಂದು. ಭಾವ ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡಿದರು. "ಬೋರ್ಡಲ್ಲಿ ಯಾರು ಏನ್ ಬೇಕಾದ್ರೂ ಬರೀಬಹುದು."

ಆ ಚರ್ಚಿನ ಗೋಪುರದ ಹೆಸರು ಡೇನಿಯಲ್. ಸುಮಾರು 90 ಮೀಟರ್ ಎತ್ತರ. ಅದರ ಮೇಲೆ ಈಗಲೂ ಕಾವಲುಗಾರನಿದ್ದಾನೆ. ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಅರ್ಧ ಗಂಟೆಗೊಮ್ಮೆ ಊರಿಗೆ ಕೇಳುವಂತೆ ಕೂಗು ಹಾಕುತ್ತಾನೆ. ನಾವು ಕಿಟಕಿ ತೆಗೆದು ಕಾದೆವು. ಹತ್ತಾಯಿತು. ಕತ್ತಲಿನಲ್ಲಿ ಮನುಷ್ಯನ ಕೂಗು ಬಂತು. ಅಕ್ಕ ಸುಮ್ಮನೆ ಕಣ್ಣರಳಿಸಿ ಕೇಳುತ್ತಿದ್ದಳು.

"ರೆಕಾರ್ಡಿಂಗು" ಎಂದು ಭಾವ ಮುಸುಕು ಹೊದ್ದು ಮಲಗಿದರು.

ಆಗ್ಸ್‌ಬುರ್ಗಿನ ಫುಗರಾಯ್ ಭಾವನನ್ನು ಸ್ವಲ್ಪ ಚೇತರಿಸಿತು. ಯಾಕೋಬ್ ಫುಗರ್ ಎಂಬ ಸಾಹುಕಾರ 1521ರಲ್ಲಿ ಬಡವರಿಗಾಗಿ ಕಟ್ಟಿಸಿಕೊಟ್ಟ ವಠಾರ. ಎರಡನೇ ಮಹಾಯುದ್ಧದಲ್ಲಿ ಅದಕ್ಕೂ ಬಾಂಬು ಬಿದ್ದು ಮತ್ತೆ ಕಟ್ಟಬೇಕಾಯಿತು. ಆದರೆ ಬಾಡಿಗೆ ಮಾತ್ರ ಅಂದಿನ ಒಂದು ಗಿಲ್ಡರ್, ಇಂದಿನ ಲೆಕ್ಕಕ್ಕೆ 88 ಸೆಂಟ್. ತಿಂಗಳಿಗಲ್ಲ, ವರ್ಷಕ್ಕೆ. ಜೊತೆಗೆ ದಾನಿಯ ಕುಟುಂಬಕ್ಕಾಗಿ ದಿನಕ್ಕೆ ಮೂರು ಪ್ರಾರ್ಥನೆ. ಸ್ಟುಟ್‌ಗಾರ್ಟಿನ ಬಾಡಿಗೆ ಕಟ್ಟುವ ಭಾವ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ, "ಒರಿಜಿನಲ್ ಅಂದ್ರೆ ಇದು. ಬಾಡಿಗೆ!" ಎಂದರು. ಒಳಗೆ ಸೇರಬೇಕಾದರೆ ಆಗ್ಸ್‌ಬುರ್ಗಿನ ಬಡ ಕ್ಯಾಥೊಲಿಕ್ ಆಗಿರಬೇಕು ಎಂದು ಅಕ್ಕ ನೆನಪಿಸಿದಳು. ಬಡತನಕ್ಕೆ ತಯಾರಿದ್ದರು, ಉಳಿದೆರಡಕ್ಕೆ ಉಪಾಯವಿರಲಿಲ್ಲ.

ಕೊನೆಗೆ ನೊಯ್‌ಶ್ವಾನ್‌ಸ್ಟೈನ್. ಭಾವ ಬರುವುದಿಲ್ಲ ಎಂದು ಹಟ ಹಿಡಿದಿದ್ದರು: "ಡಿಸ್ನಿಲ್ಯಾಂಡ್ ನೋಡಕ್ಕೆ ನಾನ್ಯಾಕೆ ಬರ್ಲಿ?" ಅಕ್ಕ ಟಿಕೆಟ್ ಮೊದಲೇ ತೆಗೆದಿದ್ದಳು. ನಿಮಿಷ ನಮೂದಿಸಿದ ಟಿಕೆಟ್. ತಪ್ಪಿದರೆ ದುಡ್ಡು ಹೋಯಿತು. ದುಡ್ಡಿನ ಮುಂದೆ ಸಿದ್ಧಾಂತ ನಿಲ್ಲಲಿಲ್ಲ. ಗುಡ್ಡ ಹತ್ತುವ ದಾರಿಯುದ್ದಕ್ಕೂ ಗೊಣಗಾಟ: 1869ರಲ್ಲಿ ಶುರುವಾದದ್ದು, ನಕ್ಷೆ ಕಲ್ಪಿಸಿದವನು ರಂಗಸಜ್ಜಿಕೆ ಬರೆಯುವ ಚಿತ್ರಕಾರ, ಇದೂ ಒಂದು ಕೋಟೆಯೇ?

"ಮೈಸೂರರಮನೆ ನೋಡ್ಕೊಂಡು ಬೆಳೆದೋರು ನೀವು. ಹಳೇದು 1897ರಲ್ಲಿ ಸುಟ್ಟುಹೋಗಿ, ಹೊಸದು ಮುಗಿದಿದ್ದು 1912ಕ್ಕೆ. ವಯಸ್ಸಲ್ಲಿ ಇದಕ್ಕಿಂತ ಚಿಕ್ಕದು ಅದು" ಎಂದಳು ಅಕ್ಕ.

"ಅದು ಬೇರೆ."

"ಹೇಗೆ ಬೇರೆ?"

"ಅದು ನಮ್ದು."

ಒಳಗೆ ಫೋಟೋ ತೆಗೆಯುವಂತಿಲ್ಲ. ಅರ್ಧ ಗಂಟೆಯಲ್ಲಿ ಹೊರಗೆ. ಎರಡನೇ ಲುಡ್ವಿಗ್ ಮಹಾರಾಜ ಹಳೆಯ ವೀರರ ಕಾಲದಲ್ಲಿ ಬದುಕಬೇಕೆಂದು ಸಾಲ ಮಾಡಿ ಇದನ್ನು ಕಟ್ಟಿಸಿದ. ಮುಗಿಯುವ ಮುಂಚೆಯೇ, 1886ರ ಜೂನ್‌ನಲ್ಲಿ, ಸರೋವರವೊಂದರಲ್ಲಿ ಹೆಣವಾಗಿ ಸಿಕ್ಕ. ಕೆಲವೇ ವಾರದಲ್ಲಿ ಟಿಕೆಟ್ ಹಾಕಿ ಜನರನ್ನು ಒಳಗೆ ಬಿಟ್ಟರು. ಸಿಂಹಾಸನದ ಸಭಾಂಗಣವಿದೆ, ಸಿಂಹಾಸನ ಮಾತ್ರ ಬರಲೇ ಇಲ್ಲ. ಭಾವ ಇದನ್ನೆಲ್ಲ ಕೈಕಟ್ಟಿ ಕೇಳಿಸಿಕೊಂಡರು. ಆಮೇಲೆ ಆಡಿಯೊ ಗೈಡು ಇನ್ನೊಂದು ವಿಷಯ ಹೇಳಿತು: ಕೆಳಗಿನಿಂದ ಬಿಸಿಗಾಳಿ ಹಾಯಿಸಿ ಕೋಣೆ ಬೆಚ್ಚಗಿಡುವ ಏರ್ಪಾಡು, ಮಹಡಿಮಹಡಿಗೂ ನಲ್ಲಿ ನೀರು, ಆಳುಗಳನ್ನು ಕರೆಯಲು ವಿದ್ಯುತ್ ಗಂಟೆ, ಟೆಲಿಫೋನು, ತಾನೇ ನೀರು ಬಿಡುವ ಫ್ಲಶ್ ಕಕ್ಕಸು. ಎಲ್ಲ 1880ರ ದಶಕದ್ದು. ಭಾವನ ಕೈಕಟ್ಟು ಬಿಚ್ಚಿತು. ಗೋಡೆಯ ಜಾಲರಿಗೆ ಮುಖವಿಟ್ಟು ಬಗ್ಗಿದರು. ಹೊರಗೆ ಬಂದ ಮೇಲೂ ಅಡುಗೆಮನೆಯ ಕಿಟಕಿಗಳನ್ನು ಹುಡುಕುತ್ತಿದ್ದರು. "ಸಿಂಹಾಸನ ಇಲ್ದಿದ್ರೂ ಫ್ಲಶ್ ಹಾಕ್ಸಿದಾನಲ್ಲೇ! ಇದು ಜೆನ್ಯೂಯಿನ್ ಮನುಷ್ಯ."

2025ರಲ್ಲಿ ಯುನೆಸ್ಕೊ ಈ ಅರಮನೆಯನ್ನು ಲುಡ್ವಿಗ್‌ನ ಇತರ ಅರಮನೆಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾವನ ಸರ್ಟಿಫಿಕೇಟು ಅದಕ್ಕಿಂತ ಕಷ್ಟದ್ದು ಎಂಬುದು ನನ್ನ ಅಭಿಪ್ರಾಯ.

ಮುಂದಿನ ರಜಕ್ಕೆ ಇಟಲಿಯ ವೆರೋನಾ ಎಂದು ನಿಶ್ಚಯವಾಗಿದೆ. ಅಲ್ಲಿ ಜೂಲಿಯೆಟ್ ನಿಂತು ರೋಮಿಯೊನ ಜೊತೆ ಮಾತಾಡಿದ ಒರಿಜಿನಲ್ ಬಾಲ್ಕನಿ ಇದೆ ಎಂದು ಭಾವ ಎಲ್ಲರಿಗೂ ಫೋನ್ ಮಾಡಿ ಹೇಳುತ್ತಿದ್ದಾರೆ. ಆ ಬಾಲ್ಕನಿಯನ್ನು ಪ್ರವಾಸಿಗಳಿಗಾಗಿ 1930ರ ದಶಕದಲ್ಲಿ ಕೂರಿಸಿದ್ದು ಎಂದು ನಿಮಗೆ ಗೊತ್ತಿದ್ದರೆ ದಯವಿಟ್ಟು ಬಾಯಿ ಬಿಡಬೇಡಿ. ಅಕ್ಕ ಆಗಲೇ ಓದಿಕೊಂಡಿದ್ದಾಳೆ.