ಪಂಚಾಕ್ಷರಾಂಗ್ಲಪದ ಮೀಮಾಂಸೆ

ಯಾವ ಶಾಸ್ತ್ರವನ್ನು ಆರಂಭಿಸುವಾಗಲೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿಂದಿನವರ ಕಟ್ಟಳೆ. ಇಲ್ಲಿ ವಿಷಯ: ಇಂಥಿಂಥ ಅಕ್ಷರಗಳಿರುವ, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ, ಸರಿಯಾಗಿ ಐದೇ ಅಕ್ಷರದ ಇಂಗ್ಲಿಷ್ ಪದಗಳು. ಅಧಿಕಾರಿ: ಕಾಫಿ ಆರಿ ತಣ್ಣಗಾಗುವವರೆಗೂ ಫೋನಿನಲ್ಲಿ ವರ್ಡಲ್ ಆಡುವ, ಅಂದರೆ ಗುಟ್ಟಿನ ಪದವನ್ನು ಊಹಿಸುತ್ತ ಸರಿಯಾದ ಮನೆಯಲ್ಲಿ ಕೂತ ಅಕ್ಷರಕ್ಕೆ ಹಸಿರನ್ನೂ ಮನೆ ತಪ್ಪಿದ ಅಕ್ಷರಕ್ಕೆ ಹಳದಿಯನ್ನೂ ಪಡೆಯುವ, ಮುಮುಕ್ಷು. ಪ್ರಯೋಜನ: ಹಸಿರು, ಹಳದಿ ಚೌಕಗಳನ್ನು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿ ಷಡ್ಡಕನ ಹೊಟ್ಟೆ ಉರಿಸುವುದು. ಇನ್ನು ಸಂಬಂಧ, ಅದು ಷಡ್ಡಕನೆಂದಾಗಲೇ ಸ್ಪಷ್ಟವಾಯಿತು.

ಈ ದರ್ಶನದ ಸೂತ್ರಕಾರ ಜಾಷ್ ವಾರ್ಡಲ್, ವೇಲ್ಸ್‌ನಲ್ಲಿ ಹುಟ್ಟಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇರಿದ ಸಾಫ್ಟ್‌ವೇರ್ ಎಂಜಿನಿಯರು. ಸಂಗಾತಿ ಪಲಕ್ ಶಾ ಅವರಿಗೆ ಪದದಾಟ ಇಷ್ಟವೆಂದು ಈ ಆಟ ಕಟ್ಟಿದರು. ಐದಕ್ಷರದ ಸುಮಾರು 12,000 ಪದಗಳನ್ನು ಒಂದೊಂದಾಗಿ ನೋಡಿ, ಮನುಷ್ಯಮಾತ್ರರು ಕೇಳಿರಬಹುದಾದ ಸುಮಾರು 2,500ನ್ನು ಉಳಿಸಿಕೊಟ್ಟವರು ಶಾ. ಭಾಷ್ಯವಿಲ್ಲದೆ ಸೂತ್ರ ನಡೆಯದು ಎಂಬುದಕ್ಕೆ ಇಷ್ಟು ಸಾಕು. 2021ರ ನವೆಂಬರ್ 1ರಂದು ಆಡಿದವರು 90 ಮಂದಿ; 2022ರ ಜನವರಿ 2ರಂದು 3 ಲಕ್ಷ. ಆ ಜನವರಿ ಮುಗಿಯುವ ದಿನ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆಟವನ್ನೇ ಕೊಂಡುಕೊಂಡಿತು. 1955ರಲ್ಲೇ ಜಾಟೊ ಎಂಬ ಆಟದಲ್ಲಿ ಎದುರಾಳಿಯ ಐದಕ್ಷರದ ಗುಟ್ಟನ್ನು ಜನ ಊಹಿಸುತ್ತಿದ್ದರಲ್ಲ ಎಂದು ಪ್ರಾಚೀನಪಕ್ಷದವರು ತಕರಾರು ತೆಗೆಯುತ್ತಾರೆ. ನಿಜ. ಆದರೆ ಹಸಿರು ಚೌಕಗಳನ್ನು ಊರಿಗೆಲ್ಲ ಹಂಚುವ ಅನುಕೂಲ ಅವರಿಗಿರಲಿಲ್ಲ, ಪುರುಷಾರ್ಥ ಸಿದ್ಧಿಸಿರಲಾರದು.

ಪದ ಐದಕ್ಷರದ್ದು ಹೌದೋ ಅಲ್ಲವೋ ಎಂಬುದನ್ನು ದೇಶ ನಿರ್ಧರಿಸುತ್ತದೆ. ನಮ್ಮ ಶಾಲೆಗಳಲ್ಲಿ ‘ಹ್ಯೂಮರ್’ಗೆ ಆರು ಅಕ್ಷರ, ಅದರೊಳಗಿನ ಎರಡನೆಯ ಯು ಬಿಟ್ಟ ಹುಡುಗನಿಗೆ ಕಿವಿ ಹಿಂಡಿಸಿಕೊಳ್ಳುವ ಭಾಗ್ಯ. ಅಮೆರಿಕದಲ್ಲಿ ಅದಕ್ಕೆ ಐದೇ. ಈ ಯು ಕತ್ತರಿಸುವ ಕೆಲಸಕ್ಕೆ 1828ರ ತಮ್ಮ ನಿಘಂಟಿನಲ್ಲಿ ಮುದ್ರೆ ಒತ್ತಿದವರು ನೋವಾ ವೆಬ್‌ಸ್ಟರ್. ಸ್ಪೆಲ್ಲಿಂಗ್ ಸರಳವಾಗಲಿ ಎಂಬುದು ಅವರ ಉದ್ದೇಶವೆಂದು ಚರಿತ್ರಕಾರರು ಬರೆದಿದ್ದಾರೆ. ಕಲರ್, ಹಾನರ್, ಲೇಬರ್, ಫೇವರ್‌ಗಳನ್ನೆಲ್ಲ ಮುಂದೆ ಬರಲಿದ್ದ ವರ್ಡಲ್‌ನ ಅಳತೆಗೆ ಇಳಿಸುವುದೇ ಅವರ ಅಂತರಂಗವಾಗಿತ್ತು ಎಂಬುದು ಈ ಮೀಮಾಂಸೆಯ ನಿಲುವು. 2022ರ ಫೆಬ್ರುವರಿಯಲ್ಲಿ ‘ಹ್ಯೂಮರ್’ ಉತ್ತರವಾಗಿ ಬಂದಾಗ ಬ್ರಿಟಿಷರು ಸಿಟ್ಟಾದರು, ಹಾಸ್ಯದ ವಿಷಯದಲ್ಲಿ ಹಾಗಾಗಬಾರದಿತ್ತು. ಮೇನಲ್ಲಿ ‘ಹೋಮರ್’ ಬಂತು. ಗ್ರೀಕ್ ಕವಿಯಲ್ಲ, ಬೇಸ್‌ಬಾಲ್‌ನ ಹೋಮ್ ರನ್, ಅಂದರೆ ಅವರ ಸಿಕ್ಸರ್. ಅಮೆರಿಕದಾಚೆಯ ಜನ ಗಾಬರಿಯಿಂದ ನಿಘಂಟಿಗೆ ಓಡಿದ ರಭಸಕ್ಕೆ ಕೇಂಬ್ರಿಜ್ ನಿಘಂಟು ಅದನ್ನೇ ಆ ವರ್ಷದ ಪದವೆಂದು ಸಾರಿತು.

ಈಗ ವಾದ. ಪೂರ್ವಪಕ್ಷದವರು ಸ್ವರವಾದಿಗಳು. ಎ, ಐ, ಇ, ಯು ನಾಲ್ಕನ್ನೂ ಒಂದೇ ಏಟಿಗೆ ಹಿಡಿಯುವ ‘ಅಡ್ಯೂ’ ಇವರ ಮೂಲಮಂತ್ರ. ಆ ಪದಕ್ಕೆ ವಿದಾಯ ಎಂಬ ಅರ್ಥವಿರುವುದರಿಂದ ಆಟದ ಆರಂಭಕ್ಕೆ ಇದು ಅಪಶಕುನ ಎಂಬ ಆಕ್ಷೇಪವನ್ನು ಬದಿಗಿಡೋಣ. ನಿಜವಾದ ದೋಷ ಬೇರೆ. ಸ್ವರವಿಲ್ಲದ ಪದವೇ ಅಪರೂಪವಾದ್ದರಿಂದ, ಒಳಗೆ ಇ ಇದೆ ಎಂದು ತಿಳಿದರೆ ತಿಳಿದದ್ದು ಬಹಳವಿಲ್ಲ. ಎಸ್, ಎಲ್, ಟಿ, ಆರ್‌ಗಳಂಥ ವ್ಯಂಜನಗಳೇ ಪದಗಳನ್ನು ಬೇರೆ ಬೇರೆ ಮಾಡುವುದು. 2022ರಲ್ಲಿ ಎಂಐಟಿಯ ಡಿಮಿಟ್ರಿಸ್ ಬರ್ಟ್ಸಿಮಸ್ ಮತ್ತು ಅಲೆಕ್ಸ್ ಪಾಸ್ಕೋವ್ ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ ‘ಸ್ಯಾಲೆಟ್’ ಶ್ರೇಷ್ಠ ಆರಂಭವೆಂದು ಸಾಧಿಸಿದರು: ಸರಾಸರಿ 3.42 ಯತ್ನ, ಎಂದೂ ಐದನ್ನು ಮೀರದು. ಸ್ಯಾಲೆಟ್ ಎಂದರೆ ಹದಿನೈದನೆಯ ಶತಮಾನದ ಯೋಧರ ಶಿರಸ್ತ್ರಾಣ. ಬೆಂಗಳೂರಿನ ಹಿಂಬದಿ ಸವಾರರಂತೆ ಆಟಗಾರರೂ ಅದನ್ನು ಧರಿಸಲು ಒಪ್ಪುತ್ತಿಲ್ಲ.

ಅಪಾಯವಂತೂ ಇದೆ. ಅದರ ಹೆಸರು ಐ, ಜಿ, ಎಚ್, ಟಿ. ಕೊನೆಯ ನಾಲ್ಕೂ ಮನೆ ಹಸಿರಾದಾಗ ಗೆದ್ದೆನೆಂದು ಬೀಗುವವನೇ ಬೀಳುವವನು. ಏಕೆಂದರೆ ಏಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್ ಎಂಟೂ ಬಾಗಿಲಲ್ಲಿ ನಿಂತಿವೆ, ಉಳಿದಿರುವ ಯತ್ನ ನಾಲ್ಕು. ಒಂದೊಂದಾಗಿ ಕರೆದು ನೋಡುವವರ ಗತಿ ಹೇಳಬೇಕಿಲ್ಲ. ಈ ಜಿ, ಎಚ್ ಜೋಡಿ ಮಧ್ಯಯುಗದಲ್ಲಿ ಗಂಟಲಿನಿಂದ ಹೊರಡುತ್ತಿದ್ದ ದನಿಯೊಂದರ ಗುರುತು. ದನಿ ಹೋಯಿತು, ಮುದ್ರಕರು ಅಕ್ಷರ ಬಿಡಲಿಲ್ಲ. ಹೀಗಾಗಿ ಕನ್ನಡದಲ್ಲಿ ‘ಲೈಟ್’ ಎಂದು ಎರಡೇ ಗುರುತಿನಲ್ಲಿ ಮುಗಿಯುವುದಕ್ಕೆ ಇಂಗ್ಲಿಷರಿಗೆ ಐದು ಬೇಕು. ಪರಿಹಾರ ಗಾಂಧಿನಗರದವರಿಗೆ ಹುಟ್ಟಿನಿಂದಲೇ ತಿಳಿದದ್ದು: ‘ಫಿಲ್ಮ್ಸ್’ ಎಂದು ಬರೆಯುವುದು. ಗೆಲ್ಲುವುದಿಲ್ಲ ಎಂದು ಗೊತ್ತಿದ್ದೇ ಒಂದು ಯತ್ನ ಸುಟ್ಟರೂ, ಎಫ್, ಎಲ್, ಎಂ, ಎಸ್ ನಾಲ್ಕರ ಹಣೆಬರಹವೂ ಒಮ್ಮೆಗೇ ಗೊತ್ತಾಗುತ್ತದೆ. ಅವು ಯಾವುವೂ ಅಲ್ಲವಾದರೆ ‘ಎಂಟರ್’ ಬರೆದು ಉಳಿದ ನಾಲ್ಕನ್ನು ಬೇರ್ಪಡಿಸಬಹುದು. ಆಟದ ‘ಹಾರ್ಡ್ ಮೋಡ್’ನಲ್ಲಿ ಮಾತ್ರ ಸಿಕ್ಕಿದ ಹಸಿರನ್ನು ಬಿಡುವಂತಿಲ್ಲ; ಅಲ್ಲಿಗೆ ಹೋಗುವವರ ಪೂರ್ವಕರ್ಮ ಅವರದು.

ಗುಂಪು ಕಟ್ಟುವ ಪದಗಳಂತೆ ಸನ್ಯಾಸಿಗಳೂ ಉಂಟು. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ 5,757 ಐದಕ್ಷರದ ಪದಗಳನ್ನು ಹರವಿ, ಒಂದಕ್ಷರ ಬದಲಿಸಿದರೆ ಇನ್ನೊಂದಾಗುವ ಪದಗಳನ್ನೆಲ್ಲ ನಂಟರೆಂದು ಗೆರೆ ಎಳೆದು ಜೋಡಿಸಿದರು. ಯಾರಿಗೂ ನಂಟಲ್ಲದೆ ಉಳಿದದ್ದು 671. ಅವನ್ನು ಕನೂತ್ ‘ಅಲೂಫ್’, ಅಂದರೆ ದೂರ ನಿಂತವು, ಎಂದು ಕರೆದರು. ಆ ಅಲೂಫ್ ಪದವೇ 671ರಲ್ಲಿ ಒಂದು. ಶಾಸ್ತ್ರ ತನ್ನನ್ನೇ ಉದಾಹರಣೆಯಾಗಿ ಕೊಡುವುದು ಇಷ್ಟು ಸಲೀಸಾಗಿ ಬೇರೆಲ್ಲೂ ಕಂಡಿಲ್ಲ.

ಕೊನೆಯದಾಗಿ ಕ್ಯೂ ಪ್ರಕರಣ. ಯಾವ ಅಕ್ಷರವೂ ಮರುಕಳಿಸದಂತೆ ಐದು ಪದಗಳಲ್ಲಿ 25 ಅಕ್ಷರ ತುಂಬಬಹುದೇ ಎಂದು ಗಣಿತದ ಹಾಸ್ಯಗಾರ ಮ್ಯಾಟ್ ಪಾರ್ಕರ್ ತಮ್ಮ ಲ್ಯಾಪ್‌ಟಾಪನ್ನು ಸುಮಾರು ಒಂದು ತಿಂಗಳು ಓಡಿಸಿ ಹುಡುಕಿದರು. ಫ್ಯೋರ್ಡ್, ಗಕ್ಸ್, ನಿಂಫ್, ವೈಬೆಕ್ಸ್, ವಾಲ್ಟ್ಜ್ ಐದೂ ಸಿಕ್ಕವು. ಹೊರಗುಳಿದ ಒಂದೇ ಅಕ್ಷರ ಕ್ಯೂ. ಇಂಗ್ಲಿಷಿನಲ್ಲಿ ಅದು ಯು ಇಲ್ಲದೆ ಹೆಜ್ಜೆ ಇಡುವುದೇ ಅಪರೂಪ. ಇಟ್ಟದ್ದೆಲ್ಲ ಬಹುಮಟ್ಟಿಗೆ ನಮ್ಮ ಕಡೆಯ ಊರುಗಳ ನೆಂಟಸ್ತಿಕೆಯಿಂದ: ಫಕೀರ್, ನಿಕಾಬ್, ತಲಾಕ್, ಕೋರ್ಮಾ, ಎಲ್ಲವೂ ಸ್ಕ್ರ್ಯಾಬಲ್ ಆಟದ ಕಾಲಿನ್ಸ್ ಪದಪಟ್ಟಿಯಲ್ಲಿವೆ. ಆ ಆಟದಲ್ಲಿ ಕ್ಯೂಗೆ 10 ಅಂಕ, ಕೆಗೆ 5. ಆದ್ದರಿಂದ ಪರೋಟದ ಜೊತೆ ಬರುವ ಕೋರ್ಮಾವನ್ನು ಕೆಯಿಂದ ಬರೆದರೆ 11, ಕ್ಯೂನಿಂದ ಬರೆದರೆ 16. ಬೋರ್ಡಿನಲ್ಲಿ ಕೆ ಬರೆಸಿರುವ ಹೋಟೆಲಿನವರೆಲ್ಲ ಪ್ಲೇಟೊಂದಕ್ಕೆ ಐದು ಅಂಕ ಕಳೆದುಕೊಳ್ಳುತ್ತಿದ್ದಾರೆ. ದರ ಮಾತ್ರ ಹದಿನಾರರದ್ದೇ ಹಾಕುತ್ತಾರೆ.