ಎಚ್ಚೆಂಟಿ ನಾಲೆ ದಾಟಿದ್ದು

ಒಂದು ಟ್ರ್ಯಾಕ್ಟರನ್ನು ಮಂಡ್ಯದಿಂದ ದೆಹಲಿಗೆ ಸಾಗಿಸಬೇಕು ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಟ್ರೇಲರಿನವನಿಗೆ ಫೋನ್ ಮಾಡುತ್ತಾರೆ, ಅಡ್ವಾನ್ಸ್ ಕೊಡುತ್ತಾರೆ, ಕಾಗದಕ್ಕೆ ಸಹಿ ಹಾಕಿ ಮನೆಗೆ ಬಂದು ಮಲಗುತ್ತಾರೆ. ಅದೇ ಟ್ರ್ಯಾಕ್ಟರನ್ನು ನಾಲೆಯಾಚೆಯ ಊರಿಗೆ, ಬರಿ ನಾಲ್ಕು ಕಿಲೋಮೀಟರು ಸಾಗಿಸಬೇಕು ಎಂದು ಬಾಯಿಬಿಟ್ಟು ನೋಡಿ. ಟೀ ಅಂಗಡಿಯ ಬೆಂಚು ಇಂಜಿನಿಯರಿಂಗ್ ಕಾಲೇಜಾಗಿಬಿಡುತ್ತದೆ. ದೂರ ಕಡಿಮೆಯಾದಷ್ಟೂ ಸಲಹೆ ಜಾಸ್ತಿ, ಸರಪಳಿ ಕಮ್ಮಿ.

ನಮ್ಮದು 25 ಎಚ್‌ಪಿಯ ಎಚ್‌ಎಂಟಿ ಜೆಟರ್ 2511. ಊರವರ ಬಾಯಲ್ಲಿ ಬರಿ ಎಚ್ಚೆಂಟಿ. ತಾತ ಪಿಎಲ್‌ಡಿ ಬ್ಯಾಂಕಿಗೆ ಗದ್ದೆ ಅಡ ಇಟ್ಟು ತಂದದ್ದು. ಅವರ ಕೈಯಲ್ಲಿದ್ದದ್ದೂ ಎಚ್ಚೆಂಟಿ ವಾಚೇ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಕಂಪನಿ 1961ರಲ್ಲಿ ವಾಚಿಗೆ ಕೈಹಾಕಿತು, 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರಿಗೆ ಕೈಹಾಕಿತು. ವಾಚಿನ ವಿದ್ಯೆ ಜಪಾನಿನವರದು, ಟ್ರ್ಯಾಕ್ಟರಿನದು ಜೆಕೊಸ್ಲೊವಾಕಿಯಾದವರದು. ತಾತನಿಗೆ ಈ ಭೂಗೋಳವೆಲ್ಲ ಬೇಕಿರಲಿಲ್ಲ. ಬೆಳಿಗ್ಗೆ ಎದ್ದು ವಾಚಿಗೆ ಚಾವಿ ಕೊಟ್ಟು, ಟ್ರ್ಯಾಕ್ಟರಿಗೆ ಡೀಸೆಲ್ ಕೊಟ್ಟು, “ಎರಡೂ ಒಂದೇ ಮನೆ ಮಕ್ಳು ಕಣ್ಲಾ. ಒಂದು ಹೊತ್ತು ಹೇಳ್ತದೆ, ಇನ್ನೊಂದು ಹೊತ್ತು ಮುಳುಗೋಗಂಟ ದುಡೀತದೆ” ಅನ್ನುತ್ತಿದ್ದರು. ಜೆಕೊಸ್ಲೊವಾಕಿಯಾ 1993ರಲ್ಲಿ ಪಾಲಾಗಿ ಎರಡು ದೇಶವಾಯಿತು. ಪಿಂಜೋರಿನ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು 2016ರಲ್ಲಿ ಸರ್ಕಾರವೇ ತೀರ್ಮಾನಿಸಿತು. ತಾತನೂ ಹೋದರು. ಎಚ್ಚೆಂಟಿ ಮಾತ್ರ ಕೊಟ್ಟಿಗೆ ಪಕ್ಕದಲ್ಲಿ ಕುಂಬಳಬಳ್ಳಿ ಹೊದ್ದುಕೊಂಡು, ಯಾರ ಮುಲಾಜೂ ಇಲ್ಲದೆ ನಿಂತೇ ಇತ್ತು.

ಗುಜರಿಯವನು ವರ್ಷಕ್ಕೊಂದು ಸಲ ಬಂದು ಬೆಲೆ ಕಟ್ಟಿ, ನಮ್ಮಮ್ಮನಿಂದ ಬೈಸಿಕೊಂಡು ಹೋಗುತ್ತಿದ್ದ. ಅಷ್ಟರಲ್ಲಿ ನಾಲೆಯಾಚೆಯ ಅತ್ತೆ ಮಗ, ಅಂದರೆ ಭಾವ, ತಮ್ಮ ತೆಂಗಿನ ತೋಟದಲ್ಲಿ ಹೋಂಸ್ಟೇ ಶುರುಮಾಡಿದರು. ಬೆಂಗಳೂರಿನಿಂದ ಬರುವವರಿಗೆ ರಾಗಿಮುದ್ದೆ ಸಾಲದಂತೆ, ಹಳ್ಳಿ ಎಂದು ಗೊತ್ತಾಗಲು ಎದುರಿಗೆ ಏನಾದರೂ ನಿಂತಿರಬೇಕಂತೆ. ಎತ್ತಿನಗಾಡಿಯನ್ನು ಎಲ್ಲರೂ ಇಟ್ಟಿದ್ದಾರೆ. “ನಿಮ್ಮ ತಾತನ ಎಚ್ಚೆಂಟಿ ಕೊಡು, ಬಣ್ಣ ಹೊಡೆಸಿ ನಿಲ್ಲಿಸ್ತೀನಿ, ಫೋಟೋ ತೆಕ್ಕೊಳ್ಳಲಿ” ಅಂದರು. ಅಮ್ಮ ಒಪ್ಪಿದರು. ಗುಜರಿಗಿಂತ ಸಿನಿಮಾ ಸ್ಟಾರಿನ ಬಾಳು ವಾಸಿ ಅಲ್ಲವೇ?

ಸಾಗಿಸುವ ಹೊಣೆ ನನ್ನ ತಲೆಗೆ ಬಂತು. ನಾನು ವಾಹನ ವಿಮೆಯ ಸರ್ವೇಯರ್. ನಜ್ಜುಗುಜ್ಜಾದ ಗಾಡಿಗಳ ಫೋಟೋ ತೆಗೆಯುವುದು, ಯಾಕೆ ಹೀಗಾಯಿತು ಎಂದು ಬರೆಯುವುದು, ಇದೇ ನನ್ನ ಅನ್ನ. ಈ ಕಸುಬಿನವರಿಗೆ ಒಂದು ರೋಗವಿದೆ. ನಿಂತ ಗಾಡಿಯನ್ನು ನೋಡಿದರೂ ಅದು ಮಗುಚಿಕೊಂಡಂತೆಯೇ ಕಣ್ಣಿಗೆ ಕಟ್ಟುತ್ತದೆ. ನನ್ನ ಕಡತದಲ್ಲಿ ಕಾಶ್ಮೀರಕ್ಕೆ ಹೊರಟು ಕೆಟ್ಟವರು ಕಮ್ಮಿ. ಪಕ್ಕದ ಬೀದಿಯ ಮಿಲ್ಲಿಗೆ ಹೋಗಿಬರುತ್ತೇನೆ ಎಂದು ಹೊರಟವರದೇ ದಪ್ಪ ಫೈಲು.

ಟೀ ಅಂಗಡಿಯಲ್ಲಿ ವಿಷಯ ಮಂಡನೆಯಾಯಿತು.

“ಲಾರಿ ಯಾಕ್ಲಾ ಬೇಕು? ಕಲ್ಲೆಸುದ್ರೆ ಬೀಳೋ ದೂರ. ಬುಟ್ರೆ ತಾನೇ ಹೊಯ್ತದೆ” ಅಂದರು ದೊಡ್ಡಪ್ಪ.

ತಾನೇ ಹೋಗಿಬಿಡುತ್ತದಲ್ಲ ಎಂಬುದೇ ನನ್ನ ಭಯ.

“ನನ್ ಗಾಡಿಗೆ ಮಿಣಿ ಕಟ್ಟು. ಟೀ ಆರೋದ್ರೊಳಗೆ ಎಳ್ದು ಬುಟ್ಬುಡ್ತೀನಿ” ಎಂದ ಹೊಸ ಟ್ರ್ಯಾಕ್ಟರು ಕೊಂಡ ಹುಡುಗ.

ಹಗ್ಗಕ್ಕೆ ಎಳೆಯುವುದು ಗೊತ್ತು, ತಡೆಯುವುದು ಗೊತ್ತಿಲ್ಲ. ಏರುವಾಗ ಬಿಗಿಯಾಗಿರುತ್ತದೆ, ಸೇತುವೆ ದಾಟಿ ಇಳಿಜಾರು ಸಿಕ್ಕಿತೋ, ಹಗ್ಗ ಜೋತುಬಿದ್ದು, ಹಿಂದಿನ ಒಂದೂವರೆ ಟನ್ನು ಮುಂದಿನವನ ಬೆನ್ನಿಗೆ ಬರುತ್ತದೆ. ನಾನು ಇದನ್ನು ಹೇಳಿದ್ದಲ್ಲದೆ 2017ರವರೆಗೆ ಜಾರಿಯಲ್ಲಿದ್ದ 1989ರ ರಸ್ತೆ ನಿಯಮಗಳನ್ನೂ ಬಿಚ್ಚಿದೆ. ಎಳೆಯುವ ಗಾಡಿಗೂ ಎಳೆಸಿಕೊಳ್ಳುವ ಗಾಡಿಗೂ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಇರಬಾರದು, ಹಗ್ಗ ದಾರಿಹೋಕರಿಗೆ ಎದ್ದು ಕಾಣಬೇಕು, ಹಿಂದೆ ಬಿಳಿ ಹಲಗೆಯ ಮೇಲೆ ಕಪ್ಪಕ್ಷರದಲ್ಲಿ ‘ಆನ್ ಟೋ’ ಎಂದು ಬರೆದಿರಬೇಕು, ವೇಗ ಗಂಟೆಗೆ 24 ಕಿಲೋಮೀಟರು ಮೀರಬಾರದು ಎಂದು ಅದರಲ್ಲಿತ್ತು. ಬೆಂಚಿನ ಮೇಲೆ ಮೌನ. ಆಮೇಲೆ ದೊಡ್ಡಪ್ಪ ಬೀಡಿ ಎಳೆದು, “ಇಪ್ಪತ್ನಾಕಾ? ಅದು ಪ್ರಾಯದಲ್ಲೇ ಅಷ್ಟು ಓಡ್ಲಿಲ್ವಲ್ಲೋ” ಅಂದರು. ಕಾನೂನಿನ ಚರ್ಚೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಓಡಿಸಿಕೊಂಡೇ ಹೋಗಬಾರದೇಕೆ? ಮೇಸ್ತ್ರಿ ಬಂದು ನೋಡಿದ ಮೇಲೆ ಆ ಆಸೆಯೂ ಹೋಯಿತು. ಮೇಸ್ತ್ರಿ ನಮ್ಮ ಹೋಬಳಿಯ ಹಳೆಯ ಟ್ರ್ಯಾಕ್ಟರುಗಳ ವೈದ್ಯ. ಮಾತು ಕಮ್ಮಿ, ಜೇಬಿನಲ್ಲಿ ಸದಾ ಹನ್ನೆರಡು-ಹದಿಮೂರರ ಸ್ಪ್ಯಾನರು. ಬಳ್ಳಿ ಬಿಡಿಸಿ, ಡೀಸೆಲ್ ಫಿಲ್ಟರಿನ ನೆತ್ತಿಯ ಸಣ್ಣ ತಿರುಪು ಸಡಿಲಿಸಿ, ಕೈಪಂಪು ಒತ್ತತೊಡಗಿದರು. ಮೊದಲು ಬುರುಬುರು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲು. ಆಗ ತಿರುಪು ಬಿಗಿ. ಪೈಪಿನಲ್ಲಿ ಚೂರು ಗಾಳಿ ಉಳಿದರೂ ಡೀಸೆಲ್ ಇಂಜಿನ್ ಹತ್ತುವುದಿಲ್ಲ. ಹುಡುಗನ ಟ್ರ್ಯಾಕ್ಟರಿನ ಬ್ಯಾಟರಿ ತಂದು ಕೊಟ್ಟದ್ದೇ ತಡ, ಎರಡು ಸಿಲಿಂಡರು ಒಂದಾದ ಮೇಲೊಂದು ಕೆಮ್ಮಿ, ಕರಿ ಹೊಗೆ ಕಾರಿ, ಡುಬು ಡುಬು ಡುಬು ಎಂದು ಎದ್ದವು. ಮಳೆನೀರು ಇಳಿಯದಿರಲೆಂದು ತಾತ ಸೈಲೆನ್ಸರಿನ ಬಾಯಿಗೆ ಮಗುಚಿದ್ದ ಹಾಲುಪುಡಿಯ ಡಬ್ಬ ಹಾರಿ ಕೊಟ್ಟಿಗೆಯ ಹೆಂಚಿನ ಮೇಲೆ ಬಿತ್ತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಗೆಗೋ ತಾತನಿಗೋ, ನಾನು ಕೇಳಲಿಲ್ಲ.

ಮೇಸ್ತ್ರಿ ಅಂಗಳದಲ್ಲೇ ಒಂದು ಸುತ್ತು ಹೊಡೆದು, ಸ್ಟಾಪ್ ವೈರು ಎಳೆದು, ಇಳಿದು ಬಂದು, “ಎಡಗಡೆ ಬ್ರೇಕ್ ಇಲ್ಲ” ಅಂದರು. ಅಷ್ಟೇ ಮಾತು.

ಟ್ರ್ಯಾಕ್ಟರು ಓಡಿಸದವರಿಗೆ ಇದರ ಅರ್ಥ ಆಗಲಿಕ್ಕಿಲ್ಲ. ಕಾರಿಗೆ ಒಂದು ಬ್ರೇಕು. ಟ್ರ್ಯಾಕ್ಟರಿಗೆ ಎರಡು ಪೆಡಲು, ಹಿಂದಿನ ಒಂದೊಂದು ಗಾಲಿಗೆ ಒಂದೊಂದು. ಉಳುವಾಗ ಬದು ಬಂತೆನ್ನಿ, ಎಡದ್ದನ್ನು ಮಾತ್ರ ಒತ್ತಿದರೆ ಎಡಗಾಲಿ ನಿಂತು ಇಡೀ ಗಾಡಿ ನಿಂತಲ್ಲೇ ತಿರುಗುತ್ತದೆ. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸಿ ಕೊಂಡಿ ಹಾಕಬೇಕು. ಹಾಕದೆ ಜೋರಾಗಿ ಹೋಗುತ್ತ ಒಂದನ್ನೇ ಒತ್ತಿದವರು ನನ್ನ ಕಡತದಲ್ಲಿದ್ದಾರೆ. ನಮ್ಮ ಎಚ್ಚೆಂಟಿಗೆ ಕೊಂಡಿ ಹಾಕಿಯೂ ಪ್ರಯೋಜನವಿಲ್ಲ. ಎಡದ ಲೈನರು ವಯಸ್ಸಾಗಿ ಸವೆದುಹೋಗಿದೆ, ಹಿಡಿಯುವುದು ಬಲಗಡೆ ಮಾತ್ರ. ಅಂದರೆ ಬ್ರೇಕು ಒತ್ತಿದರೆ ಗಾಡಿ ನಿಲ್ಲುವ ಬದಲು ಬಲಕ್ಕೆ ತಿರುಗುತ್ತದೆ. ಸೇತುವೆ ಇಳಿದ ಮೇಲೆ ಬಲಕ್ಕಿರುವುದು ವಿಶ್ವೇಶ್ವರಯ್ಯ ನಾಲೆ.

ನಾಲೆಯ ಹೆಸರೆತ್ತಿದ ಮೇಲೆ ಟೀ ಅಂಗಡಿಯವರೂ ನಗಲಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರದ ಹತ್ತಿರ ಕನಗನಮರಡಿಯಲ್ಲಿ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಸತ್ತದ್ದು ನಮ್ಮ ಕಡೆ ಯಾರಿಗೂ ಮರೆತಿಲ್ಲ. ಲಾರಿಯೇ ಆಗಲಿ ಎಂದು ತೀರ್ಮಾನವಾಯಿತು. ದೊಡ್ಡಪ್ಪ, “ನಾನ್ ಮೊದ್ಲೇ ಹೇಳ್ಳಿಲ್ವಾ?” ಅಂದರು.

ಲಾರಿಗೆ ಹತ್ತಿಸುವುದಕ್ಕೆ ಆಲೆಮನೆ ಪಕ್ಕದ ಮಣ್ಣಿನ ದಿಬ್ಬವಿತ್ತು. ಬೆಲ್ಲದ ಲೋಡಿಗೆಂದು ಯಾವ ಕಾಲದಲ್ಲೋ ಕಟ್ಟಿದ್ದು. ಲಾರಿಯನ್ನು ಹಿಂದಕ್ಕೆ ತಂದು ನಿಲ್ಲಿಸಿದರೆ ದಿಬ್ಬವೂ ಲಾರಿಯ ಹಾಸೂ ಸಮಮಟ್ಟ. ನಡುವಿನ ಸಂದಿಗೆ ಎರಡು ದಪ್ಪ ಹಲಗೆ. ಟ್ರ್ಯಾಕ್ಟರಿನ ಗಾಲಿಗೆ ಕಲ್ಲು ಕೊಡಲು ಹತ್ತು ಜನ ಓಡಿಬಂದರು, ಲಾರಿಯ ಗಾಲಿಗೆ ಕೊಡಲು ಒಬ್ಬನೂ ಇಲ್ಲ. ಟ್ರ್ಯಾಕ್ಟರು ಹತ್ತುವಾಗ ಲಾರಿ ಒಂದಡಿ ಮುಂದಕ್ಕೆ ಸರಿದರೆ ಹಲಗೆ ಕಳಚಿಬೀಳುತ್ತದೆ, ಆಮೇಲೆ ಉಳಿದದ್ದೂ. ನಾನೇ ನಿಂತು ಲಾರಿಯ ನಾಲ್ಕೂ ಕಡೆ ಕಲ್ಲು ಕೊಡಿಸಿದೆ. ಲಾರಿ ಡ್ರೈವರಿಗೆ ಬೇಜಾರಾಯಿತು. “ನಮ್ ಗಾಡಿಗೆ ಹ್ಯಾಂಡ್‌ಬ್ರೇಕ್ ಇದೆ ಸಾರ್” ಅಂದ, ಮಗಳ ಗುಣದ ಬಗ್ಗೆ ಯಾರೋ ಸಂಶಯಪಟ್ಟಾಗ ನೊಂದ ಅಪ್ಪನ ಹಾಗೆ.

ಮೇಸ್ತ್ರಿ ಮಾತ್ರ ಯಾರೂ ಎಣಿಸದ ಕೆಲಸ ಮಾಡಿದರು. ಎಚ್ಚೆಂಟಿಯನ್ನು ದಿಬ್ಬದ ಮೇಲೆ ತಿರುಗಿಸಿ, ರಿವರ್ಸಿನಲ್ಲಿ, ಹಿಂಭಾಗ ಮೊದಲಾಗಿ ಲಾರಿಗೆ ಏರಿಸಿದರು. “ಇದೇನಣ್ಣ, ಹೆಂಗ್ ನೋಡಿದ್ರೂ ಉಲ್ಟಾ” ಎಂದು ಹುಡುಗ ನಕ್ಕ. ಟ್ರ್ಯಾಕ್ಟರಿನ ಭಾರವೆಲ್ಲ ಹಿಂದೆ, ಮೂತಿ ಹಗುರ. ಇಳಿಯುವ ಕಡೆ ಇಳಿಜಾರಿದ್ದು, ಅದು ಹಿಮ್ಮುಖವಾಗಿ ಇಳಿಯುವಾಗ ಬ್ರೇಕು ಒತ್ತಿದಿರೋ, ಮೂತಿ ಮೇಲೆದ್ದು ಗಾಡಿ ಬೆನ್ನಿನ ಮೇಲೆ ಮಗುಚುತ್ತದೆ. ಮೂತಿ ಮುಂದಾಗಿ ಇಳಿಯಬೇಕಾದರೆ ಬೆನ್ನು ಮುಂದಾಗಿ ಹತ್ತಬೇಕು. ಇಷ್ಟನ್ನು ಮೇಸ್ತ್ರಿ ಹೇಳಲಿಲ್ಲ. ಗೇರಿಗೆ ಹಾಕಿ ಇಳಿದು, ಹೈಡ್ರಾಲಿಕ್ಕಿನ ತೋಳು ಕೆಳಗೆ ಬಿಟ್ಟು, ಸೈಲೆನ್ಸರು ಬಿಚ್ಚಿ ಹುಡುಗನ ಕೈಗೆ ಕೊಟ್ಟರು. ಊರೊಳಗಿನ ಕರೆಂಟು ತಂತಿ ಎಷ್ಟು ಜೋತುಬಿದ್ದಿದೆಯೆಂದು ಅವರಿಗೆ ಗೊತ್ತು.

ಸರಪಳಿಯನ್ನು ಆಕ್ಸಲಿಗೆ ಬಿಗಿದು ನಾಲ್ಕು ಮೂಲೆಗೆ ಕಟ್ಟಿ ಹೊರಟೆವು. ಮಾರಮ್ಮನ ಗುಡಿಯ ಹತ್ತಿರ ನಿಲ್ಲಿಸಿ ಅಂದೆ. ಕೈಮುಗಿಯಲು ಎಂದುಕೊಂಡು ಎಲ್ಲರೂ ಇಳಿದರು. ನಾನು ಸರಪಳಿ ಮುಟ್ಟಿ ನೋಡಿದೆ. ಎರಡು ಬೆರಳು ತೂರುವಷ್ಟು ಸಡಿಲ. ಗಾಳಿ ತುಂಬಿದ ಟೈರು ಲಾರಿಯ ಮೇಲೆ ನಿಂತರೂ ಕುಪ್ಪಳಿಸುವುದು ಬಿಡುವುದಿಲ್ಲ, ಕುಪ್ಪಳಿಸಿ ಕುಪ್ಪಳಿಸಿ ಕಟ್ಟು ಸಡಿಲಿಸುತ್ತದೆ. ಮತ್ತೆ ಬಿಗಿದು, ಬಂದದ್ದಾಯಿತಲ್ಲ ಎಂದು ಕೈಮುಗಿದೂ ಹೊರಟೆವು.

ದೊಡ್ಡ ರಸ್ತೆ ದಾಟುವ ಕಡೆ ಪೊಲೀಸಿನವರು ಕೈಯಡ್ಡ ಹಾಕಿದರು.

“ಟ್ರ್ಯಾಕ್ಟರಿನ ಆರ್‌ಸಿ?”

ಆರ್‌ಸಿ ಇನ್ನೂ ತಾತನ ಹೆಸರಿನಲ್ಲೇ ಇತ್ತು. ನಾನು ಬಾಯಿ ತೆರೆಯುವುದರೊಳಗೆ ಲಾರಿ ಡ್ರೈವರು, “ಅದು ಗಾಡಿ ಅಲ್ಲ ಸಾರ್, ಲೋಡು” ಅಂದ. ವಿಮೆಯಲ್ಲಿ ಇಷ್ಟು ವರ್ಷ ಸವೆಸಿದ ನನಗೂ ಹೊಳೆಯದ ವಾದ. ಪೊಲೀಸಿನವರು ಲಾರಿಯ ಹಿಂದಕ್ಕೆ ಹೋಗಿ ನೋಡಿದರು. ಎಚ್ಚೆಂಟಿ ಎರಡು ದುಂಡು ಹೆಡ್‌ಲೈಟಿನಿಂದ ಅವರನ್ನೇ ದಿಟ್ಟಿಸುತ್ತಿತ್ತು.

“ಲೋಡು ನನ್ನೇ ನೋಡ್ತಾ ಅದಲ್ಲಯ್ಯಾ! ಎಚ್ಚೆಂಟೀನಾ? ನಮ್ಮಪ್ಪಂದೂ ಇತ್ತು” ಎಂದು ಬಾನೆಟ್ಟು ನೋಡುತ್ತ ಸ್ವಲ್ಪ ಹೊತ್ತು ನಿಂತು, ಹೋಗಿ ಎಂದು ಕೈಬೀಸಿದರು.

ಭಾವನ ತೋಟದ ಗೇಟು ಹೊಕ್ಕ ಮೇಲೆ ಲಾರಿ ಡ್ರೈವರು ಸುತ್ತ ನೋಡಿ, “ಇಳಿಸೋದೆಲ್ಲಿ?” ಅಂದ. ತೋಟವೆಲ್ಲ ಬಿಲಿಯರ್ಡ್ಸ್ ಮೇಜಿನ ಮಟ್ಟ.

“ಭಾವ, ಇಲ್ಲೊಂದು ದಿಬ್ಬ ಇತ್ತಲ್ಲ?”

“ಬೆಂಗಳೂರಿನವರು ಎಡವಿ ಬೀಳ್ತಾರೆ ಅಂತ ಹೋದ ವಾರ ತಾನೇ ಜೆಸಿಬಿ ಕರೆಸಿ ತಟ್ಟಿಸ್ಬುಟ್ಟೆ ಕಣೋ!” ಎಂದು ಹೆಮ್ಮೆಯಿಂದ ಹೇಳಿದರು ಭಾವ. ಹತ್ತಿಸುವ ಬಗ್ಗೆ ಎರಡು ಊರು ತಲೆಕೆಡಿಸಿಕೊಂಡಿತ್ತು. ಇಳಿಸುವ ಕಡೆ ಒಂದು ದಿಬ್ಬ ಇದ್ದೇ ಇರುತ್ತದೆ ಎಂದು ಎಲ್ಲರಿಗೂ ನಂಬಿಕೆ.

ಅದೇ ಜೆಸಿಬಿ ಮತ್ತೆ ಬಂತು. ಆಪರೇಟರು ಬಕೆಟ್ಟು ಅಲ್ಲಾಡಿಸುತ್ತ, “ಸರಪಳಿ ಹಾಕಿ, ಎತ್ತಿ ಇಟ್ಬುಡ್ತೀನಿ” ಎಂದ. ಮೇಸ್ತ್ರಿ ಅವತ್ತಿನ ಅತಿ ಉದ್ದದ ಮಾತು ಆಡಿದರು: “ಎತ್ತಬೌದು. ತೂಗಾಡೋ ಟ್ರ್ಯಾಕ್ಟರ್ ಕೆಳಗೆ ನಿಂತ್ಕೊಂಡು ಹಿಡಿಯೋರು ಯಾರು, ಕೈಯೆತ್ತಿ.” ಕೈ ಏಳಲಿಲ್ಲ. ಆಮೇಲೆ ಜೆಸಿಬಿ ಅಗೆದದ್ದು ಗುಂಡಿ. ಇಳಿಜಾರಾಗಿ ಅಗೆದ ಗುಂಡಿಗೆ ಲಾರಿಯ ಹಿಂಗಾಲಿಗಳನ್ನು ಇಳಿಸಿದರೆ ಹಾಸಿನ ತುದಿ ನೆಲದ ಮಟ್ಟಕ್ಕೆ ಬರುತ್ತದೆ. ದಿಬ್ಬ ಇಲ್ಲದ ಕಡೆ ಲಾರಿಯನ್ನೇ ತಗ್ಗಿಸುವ ಉಪಾಯ. ಹಲಗೆ ಹಾಸಿದರು, ಕಲ್ಲು ಕೊಟ್ಟರು. ಈ ಸಲ ಲಾರಿಯ ಗಾಲಿಗೆ ಡ್ರೈವರೇ ಕೊಟ್ಟ. ಎಚ್ಚೆಂಟಿ ಮೊದಲನೇ ಗೇರಿನಲ್ಲಿ, ಮೂತಿ ಮುಂದೆ ಮಾಡಿಕೊಂಡು, ಸೈಲೆನ್ಸರಿಲ್ಲದ ಗಂಟಲಿನಿಂದ ತೆಂಗಿನ ಮರದ ಗಿಳಿಗಳನ್ನೆಲ್ಲ ಎಬ್ಬಿಸುತ್ತ ಇಳಿದು ಬಂತು. ಅತ್ತೆ ಆರತಿ ಎತ್ತಿದರು. ನಾಲ್ಕು ಕಿಲೋಮೀಟರಿಗೆ ಬೆಳಗಿನಿಂದ ಸಂಜೆಯಾಗಿತ್ತು. ಲಾರಿ ಬಾಡಿಗೆ, ಜೆಸಿಬಿ ಬಾಡಿಗೆ, ಊಟ ಎಲ್ಲ ಕೂಡಿಸಿದರೆ ಗುಜರಿಯವನು ಕಟ್ಟಿದ ಬೆಲೆಯ ಹತ್ತಿರ ಹತ್ತಿರ ಬಂತು.

ಆ ಗುಂಡಿಯನ್ನು ಭಾವ ಮುಚ್ಚಿಸಲಿಲ್ಲ. ಮಳೆಗಾಲದಲ್ಲಿ ನೀರು ನಿಂತಿತು, ಯಾರೋ ತಾವರೆ ಗೆಡ್ಡೆ ತಂದು ಹಾಕಿದರು, ಮೀನು ಬಿಟ್ಟರು, ಸುತ್ತ ಕಲ್ಲು ಕಟ್ಟಿಸಿ ಬೆಂಚು ಇಟ್ಟರು. ಈಗ ಹೋಂಸ್ಟೇಗೆ ಬಂದವರೆಲ್ಲ ಫೋಟೋ ತೆಗೆಸಿಕೊಳ್ಳುವುದು ಅಲ್ಲಿ. ಎಚ್ಚೆಂಟಿಯ ಬಾನೆಟ್ಟಿನ ಮೇಲೆ ಅತ್ತೆ ಸಂಡಿಗೆ ಒಣಗಿಸುತ್ತಾರೆ.

ಮೊನ್ನೆ ಹೋಗಿದ್ದಾಗ ಜೆಸಿಬಿ ಬಾಡಿಗೆಯಲ್ಲಿ ನನ್ನ ಅರ್ಧಪಾಲು ಕೇಳಿದರು ಭಾವ.

“ಕೊಳ ನಿಮ್ಮದಲ್ಲವೇ ಭಾವ?” ಅಂದೆ.

“ಕೊಳ ನಂದೇ. ಗುಂಡಿ ನಿಮ್ಮ ತಾತಂದು.”