ಟ್ರ್ಯಾಕ್ಟರಿನ ವರ್ಣಸಂಸ್ಕಾರ

ಜೀರ್ಣೋದ್ಧಾರವೆಂಬ ಪುಣ್ಯಕಾರ್ಯವನ್ನು ನಮ್ಮ ಹಿರಿಯರು ದೇವಾಲಯಗಳಿಗೆ ಮಾತ್ರ ಮೀಸಲಿರಿಸಿ, ಮನೆಗಳ ಪಾಡನ್ನು ಆಯಾ ಮಳೆಗಾಲದ ವಿವೇಚನೆಗೆ ಬಿಟ್ಟುಕೊಟ್ಟುದು ಎಂತಹ ದೂರದೃಷ್ಟಿಯ ಕೆಲಸವೆಂಬುದು ನನಗೆ ಮನವರಿಕೆಯಾದುದು, ದೊಡ್ಡಉಳ್ಳಾರ್ತಿಯಲ್ಲಿರುವ ನಮ್ಮ ಮಾಳಿಗೆ ಮನೆಯನ್ನು ರಿಪೇರಿ ಮಾಡಿಸಲು ಹೊರಟ ಮೇಲೆ. ಗುಡಿಯ ಗೋಡೆಗೆ ಯಾವ ಬಣ್ಣ ಬಳಿದರೂ ದೇವರು ಬಾಯಿ ಬಿಡುವುದಿಲ್ಲ. ಮನೆಯಲ್ಲಾದರೋ ಬಂಧುಗಳಿರುತ್ತಾರೆ.

ತೊಲೆ ಜಂತೆಗಳ ಮೇಲೆ ಕರಲು ಮಣ್ಣನ್ನು ಮೆತ್ತಿ ಮಾಡಿದ ಚಪ್ಪಟೆ ಸೂರಿನ ಈ ಮನೆಗಳು ತಲೆಮಾರುಗಟ್ಟಲೆ ನಿಂತಿರುವುದಕ್ಕೆ ಮುಖ್ಯ ಕಾರಣ, ನಮ್ಮ ಸೀಮೆಯಲ್ಲಿ ಮಳೆಗಿಂತ ಮಳೆಯ ಮಾತೇ ಹೆಚ್ಚಾಗಿರುವುದು. ಇದನ್ನು ಉತ್ಪ್ರೇಕ್ಷೆಯೆಂದು ಭಾವಿಸುವವರು ಇಸ್ರೋ ಸಂಸ್ಥೆಯ ವಿಜ್ಞಾನಿಗಳನ್ನು ಕೇಳಬಹುದು. ಚಂದ್ರಯಾನದ ಲ್ಯಾಂಡರಿನ ಸಂವೇದಕಗಳನ್ನು ಪರೀಕ್ಷಿಸುವುದಕ್ಕಾಗಿ ಚಂದ್ರನಲ್ಲಿರುವಂತಹ ಕುಳಿಗಳು ಭೂಮಿಯ ಮೇಲೆಯೇ ಬೇಕಾದಾಗ, ಅವರು ಭಾರತವೆಂಬ ಈ ವಿಶಾಲ ದೇಶದಲ್ಲಿ ಆರಿಸಿಕೊಂಡುದು ನಮ್ಮ ಪಕ್ಕದ ಉಳ್ಳಾರ್ತಿ ಕಾವಲನ್ನು. 2016ರ ಸುಮಾರಿಗೆ ಇಲ್ಲಿ ಕೃತಕ ಕುಳಿಗಳನ್ನು ತೋಡಿ, ಅವುಗಳ ಮೇಲೆ ವಿಮಾನ ಹಾರಿಸಿ ಪರೀಕ್ಷೆಗಳನ್ನು ನಡೆಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ದೇಶಕ್ಕೆ ದೇಶವೇ ಚಪ್ಪಾಳೆ ತಟ್ಟಿತು. ನಮ್ಮ ದೊಡ್ಡಪ್ಪನವರು ಮಾತ್ರ ಟೀವಿಯ ಕಡೆಗೆ ನಿರ್ಲಿಪ್ತವಾಗಿ ನೋಡಿ, “ಅಂಥ ನೆಲದಾಗೆ ನಾನು ನಲವತ್ತು ವರ್ಷದಿಂದ ಶೇಂಗಾ ಬಿತ್ತಾ ಇದೀನಿ, ನನಗ್ಯಾರೂ ಚಪ್ಪಾಳೆ ತಟ್ಟಲಿಲ್ಲ” ಎಂದರು.

ಅವರು ಬಿತ್ತಿದುದು ಮ್ಯಾಸ್ಸಿ ಫರ್ಗುಸನ್ 1035 ಎಂಬ ಟ್ರ್ಯಾಕ್ಟರಿನಿಂದ. ಮದರಾಸಿನ ಟಾಫೆ ಕಂಪನಿಯ ಸೃಷ್ಟಿಯಾದ, ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನನ್ನು ಹೊಟ್ಟೆಯಲ್ಲಿಟ್ಟುಕೊಂಡ ಈ ‘ಮ್ಯಾಸಿ’ಯ ಹೆಸರಿನ ಉತ್ತರಾರ್ಧಕ್ಕೆ ಕಾರಣನಾದ ಹ್ಯಾರಿ ಫರ್ಗುಸನ್ ಎಂಬ ಐರಿಷ್ ಗೃಹಸ್ಥನು 1909ರಲ್ಲಿ ತಾನೇ ಕಟ್ಟಿದ ವಿಮಾನವನ್ನು ತಾನೇ ಹಾರಿಸಿ, ಅನಂತರ ಆಕಾಶದ ಸಹವಾಸ ಸಾಕೆಂದು ನೆಲಕ್ಕಿಳಿದು, ನೇಗಿಲನ್ನು ಮೂರು ಬಿಂದುಗಳಲ್ಲಿ ಟ್ರ್ಯಾಕ್ಟರಿನ ಮೈಗೇ ಬೆಸೆಯುವ ಉಪಾಯವನ್ನು ಜಗತ್ತಿಗೆ ಕೊಟ್ಟವನು. ನಮ್ಮ ಕಾವಲಿನಲ್ಲಿ ಈ ಕ್ರಮ ತಲೆಕೆಳಗಾಯಿತು. ಇಲ್ಲಿಗೆ ಮೊದಲು ಬಂದುದು ಟ್ರ್ಯಾಕ್ಟರು. 2017ರಲ್ಲಿ ರಕ್ಷಣಾ ಸಂಶೋಧನೆಯವರ ವೈಮಾನಿಕ ಪರೀಕ್ಷಾ ಕೇಂದ್ರವು ಉದ್ಘಾಟನೆಯಾದ ಮೇಲೆ, ಚಾಲಕನೇ ಇಲ್ಲದ ವಿಮಾನಗಳು ಬಂದುವು. ಹೀಗಾಗಿ ಮೇಲೆ ಯಾರೂ ಕೂರದೆ ಹಾರುವ ಯಂತ್ರ, ಕೆಳಗೆ ದೊಡ್ಡಪ್ಪನವರ ಹೊರತು ಬೇರಾರ ಕೈಗೂ ಸ್ಟಾರ್ಟ್ ಆಗದ ಯಂತ್ರ; ನಾಗರಿಕತೆಯ ಎರಡು ತುದಿಗಳನ್ನು ಒಂದೇ ಅಂಗಳದಿಂದ ನೋಡುವ ಭಾಗ್ಯ ನಮ್ಮದು.

ಕೊಟ್ಟಿಗೆಯ ಸೂರನ್ನು ಬಿಚ್ಚುವುದಕ್ಕಾಗಿ ಮೇಸ್ತ್ರಿಯು ಮ್ಯಾಸಿಯನ್ನು ಹೊರಗೆ ತಳ್ಳಿಸಿ, ಹೊಸದಾಗಿ ಗಾರೆ ಮಾಡಿದ ಗೋಡೆಯ ಪಕ್ಕದಲ್ಲಿ ನಿಲ್ಲಿಸದೆ ಇದ್ದಿದ್ದರೆ ಈ ಪ್ರಬಂಧಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಅಲ್ಲಿ, ಬಿಸಿಲಿನಲ್ಲಿ, ಅದರ ದೈನ್ಯವು ಎಲ್ಲರ ಕಣ್ಣಿಗೂ ಒಮ್ಮೆಗೇ ಬಿತ್ತು. ಮೊದಲು ಬಾಯಿ ತೆರೆದವರು ಅತ್ತೆ: “ಎತ್ತಿನ ಕೊಂಬಿಗೆ ಬಣ್ಣ ಹಚ್ಚದೆ ಕಾರಹುಣ್ಣಿಮೆ ಕಳೆದ ಮನೆಯಲ್ಲ ಇದು. ಎತ್ತು ಹೋಗಿ ಇದು ಬಂತು. ಇದಕ್ಕೇನು ಹುಣ್ಣಿಮೆ ಬ್ಯಾಡವಾ?” ಈ ತರ್ಕಕ್ಕೆ ಯಾವ ಶಾಸ್ತ್ರದಲ್ಲಿಯೂ ಪ್ರತ್ಯುತ್ತರವಿರಲಿಲ್ಲ. ಬಣ್ಣ ಹಚ್ಚುವುದೆಂದು ಸರ್ವಾನುಮತದಿಂದ ನಿಶ್ಚಯವಾಯಿತು. ಸರ್ವಾನುಮತವು ಅಲ್ಲಿಗೇ ಮುಗಿಯಿತು.

ದೊಡ್ಡಪ್ಪನವರಿಗೆ ಕಂಪನಿಯ ಕೆಂಪೇ ಆಗಬೇಕು. ಚಿಕ್ಕಪ್ಪನವರು ನೀಲಿಯ ಪಕ್ಷ. ಹಿಂದೆ ಫೋರ್ಡ್ 3600 ಇಟ್ಟವರ ಗತ್ತೇ ಬೇರೆಯಾಗಿತ್ತೆಂದೂ ಗತ್ತಿನ ಮೂಲವು ಎಂಜಿನಿನಲ್ಲಿರದೆ ನೀಲಿಯಲ್ಲಿತ್ತೆಂದೂ ಅವರ ಸಿದ್ಧಾಂತ. ದಾವಣಗೆರೆಯಲ್ಲಿ ಓದುತ್ತಿರುವ ಹುಡುಗನು ಹೊಳಪಿಲ್ಲದ ಕಪ್ಪನ್ನು ಸೂಚಿಸಿ, ಶನಿಯ ವಾಹನವೇನೋ ಎಂದು ಬೈಸಿಕೊಂಡನು. ನಾನು ನಾಲ್ಕು ಅಕ್ಷರ ಓದಿದವನೆಂಬ ಅಭಿಮಾನದಿಂದ, ಫರ್ಗುಸನ್ನನ ಮೂಲ ಟ್ರ್ಯಾಕ್ಟರುಗಳು ಕೇವಲ ಬೂದುಬಣ್ಣದವೆಂದೂ, 1953ರಲ್ಲಿ ಆತನ ಕಂಪನಿಯು ಕೆನಡಾದ ಮ್ಯಾಸ್ಸಿ-ಹ್ಯಾರಿಸ್ ಜತೆ ಕೂಡಿಕೊಂಡ ಬಳಿಕ ಅವರ ಕೆಂಪು ಬಾನೆಟ್ಟಿಗೂ ಈತನ ಬೂದು ಎಂಜಿನಿಗೂ ಸಂದಿತೆಂದೂ, ಆದುದರಿಂದ ದೊಡ್ಡಪ್ಪನವರು ಹೇಳುವ ‘ಅಸಲಿ ಬಣ್ಣ’ವು ಎರಡು ಮನೆತನಗಳ ರಾಜಿಯಲ್ಲದೆ ಬೇರೆಯಲ್ಲವೆಂದೂ ವಿವರಿಸಿದೆ. “ರಾಜಿಯಾಗಿದೆ ತಾನೆ? ಮತ್ತೆ ಪಂಚಾಯ್ತಿ ಯಾಕೆ?” ಎಂದು ದೊಡ್ಡಪ್ಪನವರು ಕೆಂಪನ್ನೇ ಸ್ಥಿರಪಡಿಸಿದರು. ಅಷ್ಟರಲ್ಲಿ ಕಾರಹುಣ್ಣಿಮೆ ಕಳೆದು ಆಷಾಢ ಕಾಲಿಟ್ಟಿತ್ತು.

ಚಳ್ಳಕೆರೆಯಿಂದ ಕಂಪ್ರೆಸರು ಗನ್ನುಗಳೊಡನೆ ಬಂದ ಪೇಂಟರು ಮೊದಲು ಕೈಗೆತ್ತಿಕೊಂಡುದು ಗನ್ನನ್ನಲ್ಲ, ಉಪ್ಪುಕಾಗದವನ್ನು. ಬಣ್ಣ ಹಚ್ಚುವ ಕೆಲಸದಲ್ಲಿ ಮುಕ್ಕಾಲು ಪಾಲು ಬಣ್ಣ ತೆಗೆಯುವುದೇ ಆಗಿರುತ್ತದೆಂಬುದು ಈ ವಿದ್ಯೆಯ ಪ್ರಥಮ ರಹಸ್ಯ. ಎಣ್ಣೆ, ಗ್ರೀಸುಗಳ ಒಂದು ಹನಿ ಉಳಿದರೂ ಬಣ್ಣ ಅಲ್ಲಿ ನಿಲ್ಲದೆ ಮೀನಿನ ಕಣ್ಣಿನಂತೆ ಗುಂಡಗೆ ಸರಿದುಕೊಳ್ಳುತ್ತದೆ. ಶೇಂಗಾ ಎಣ್ಣೆಯ ಮಿಲ್ಲುಗಳಿಂದಲೇ ಹೆಸರಾದ ತಾಲ್ಲೂಕಿನಲ್ಲಿ ಎಣ್ಣೆ ಸೋಕದ ವಸ್ತುವನ್ನು ಎಲ್ಲಿಂದ ತರುವುದು? ಉಜ್ಜುತ್ತ ಹೋದಂತೆ ನಮ್ಮ ಸಂಸಾರದ ಚರಿತ್ರೆ ಪದರಪದರವಾಗಿ ಹೊರಬಿದ್ದಿತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಅಶೋಕನ ಶಾಸನವಿರುವ ಬೆಟ್ಟದ ಬುಡದಲ್ಲಿ, 1947ರಲ್ಲಿ ಮಾರ್ಟಿಮರ್ ವೀಲರ್ ಸಾಹೇಬರು ಅಗೆದು, ಮೇಲೆ ಆಂಧ್ರರ ಕಾಲ, ಅದರ ಕೆಳಗೆ ಬೃಹತ್ ಶಿಲಾಸಮಾಧಿಗಳವರ ಕಾಲ, ತಳದಲ್ಲಿ ಕಲ್ಲುಕೊಡಲಿಗಳ ಕಾಲವೆಂದು ಸಂಸ್ಕೃತಿಯ ಸ್ತರಗಳನ್ನು ಗುರುತಿಸಿದರಷ್ಟೆ. ನಮ್ಮ ಬಾನೆಟ್ಟಿನ ಉತ್ಖನನವೂ ಅದಕ್ಕೆ ಕಡಮೆಯದಾಗಿರಲಿಲ್ಲ. ಮೇಲೆ, ಕಿಟಕಿಗಳಿಗೆ ಬಳಿದು ಮಿಕ್ಕ ನೀಲಿಯನ್ನು ಚಿಕ್ಕಪ್ಪನವರು ಒಮ್ಮೆ ಗುಟ್ಟಾಗಿ ಬಳಿದಿದ್ದ ಕಾಲ. ಅದರ ಕೆಳಗೆ, ಬರ ಬಂದು ಮ್ಯಾಸಿಯು ರೆಡ್ ಆಕ್ಸೈಡನ್ನೇ ಉಟ್ಟು ನಿಂತಿದ್ದ ಕಾಲ. ಅದರ ಕೆಳಗೆ ಸಾಲ ಕೊಟ್ಟ ಬ್ಯಾಂಕಿನ ಹೆಸರು ಬಿಳಿಯ ಅಕ್ಷರಗಳಲ್ಲಿ. ತಳದಲ್ಲಿ ಕಂಪನಿಯ ಕೆಂಪು. ಸಾಲ ತೀರಿ ಎಷ್ಟೋ ವರ್ಷಗಳಾಗಿದ್ದರೂ ಬ್ಯಾಂಕಿನ ಹೆಸರು ಕಂಡೊಡನೆ ದೊಡ್ಡಪ್ಪನವರು ಟವೆಲನ್ನು ಹೆಗಲಿನಿಂದ ಇಳಿಸಿದುದನ್ನು ನಾನು ಕಣ್ಣಾರೆ ನೋಡಿದೆನು.

ಎಡಗಡೆಯ ಮಡ್‌ಗಾರ್ಡಿನಲ್ಲಿ ಒಂದು ದೊಡ್ಡ ಡೆಂಟಿತ್ತು. ಚಿಕ್ಕಪ್ಪನವರು ಯೌವನದಲ್ಲಿ ಡ್ರೈವಿಂಗ್ ಕಲಿತುದರ ಸ್ಮಾರಕ. ಅದನ್ನು ಬಡಿದು ಪಟ್ಟಿ ತುಂಬಿಬಿಡೋಣವೆಂದು ಪೇಂಟರು ಹೇಳಿದಾಗ ಚಿಕ್ಕಪ್ಪನವರ ಮುಖ ಅರಳಿತು. “ಬ್ಯಾಡ, ಅದು ಇರಲಿ. ನಾಳೆ ಆಸ್ತಿ ಮಾತಿಗೆ ಸಾಕ್ಷಿ ಬೇಕಾಗುತ್ತೆ” ಎಂದು ದೊಡ್ಡಪ್ಪನವರು ತಡೆದರು. ಡೆಂಟಿನ ಮೇಲೆ ಕೂಡ ಅತ್ಯಂತ ನಯವಾಗಿ ಪ್ರೈಮರು ಬಿತ್ತು.

ಸ್ಪ್ರೇ ಗನ್ನಿನ ಪೂರ್ವಜನ್ಮ ಬಹು ಮಂದಿಗೆ ತಿಳಿದಿರಲಾರದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಒಹಾಯೋ ಸಂಸ್ಥಾನದ ಡಾಕ್ಟರ್ ಡಿವಿಲ್ಬಿಸ್ ಎಂಬಾತನು ರೋಗಿಗಳ ಗಂಟಲಿಗೆ ಔಷಧವನ್ನು ತುಂತುರಾಗಿ ಸಿಂಪಡಿಸಲು ಮಾಡಿದ ಉಪಕರಣವನ್ನೇ, ಮುಂದೆ ಆತನ ಮಗನು ಬಣ್ಣ ಎರಚುವ ಗನ್ನಾಗಿ ಮಾರ್ಪಡಿಸಿದನು. ಗಂಟಲನ್ನು ವಾಸಿಮಾಡಲು ಹುಟ್ಟಿದ ಸಾಧನವನ್ನು ಹಿಡಿದ ನಮ್ಮ ಪೇಂಟರು, ಬಾಯಿಗೆ ಟವೆಲು ಸುತ್ತಿಕೊಂಡು, ಥಿನ್ನರಿನ ವಾಸನೆಗೆ ಕೆಮ್ಮುತ್ತ, ಗಡಿನಾಡಿನವರಾದುದರಿಂದ ಕನ್ನಡ ತೆಲುಗು ಎರಡರಲ್ಲಿಯೂ ಗಾಳಿಯನ್ನು ಬಯ್ಯುತ್ತ ನಿಂತಿದ್ದರು.

ಗಾಳಿಯ ವಿಷಯಕ್ಕೆ ಬಂದೆನು. ಗನ್ನನ್ನು ಮೈಯಿಂದ ಒಂದು ಗೇಣು ದೂರದಲ್ಲಿ ಹಿಡಿಯಬೇಕು. ಹತ್ತಿರವಾದರೆ ಬಣ್ಣ ಇಳಿದು ಕಣ್ಣೀರಿಡುತ್ತದೆ, ದೂರವಾದರೆ ದಾರಿಯಲ್ಲಿಯೇ ಒಣಗಿ ಪುಡಿಯಾಗಿ ಕೂರುತ್ತದೆ. ಕೈಯನ್ನು ಒಂದೇ ವೇಗದಲ್ಲಿ ಆಡಿಸುತ್ತ, ಪ್ರತಿಯೊಂದು ಪಟ್ಟೆಯೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ನೋಡಿಕೊಳ್ಳಬೇಕು. ಇವೆಲ್ಲ ಬಣ್ಣವು ಗನ್ನಿನಿಂದ ಟ್ರ್ಯಾಕ್ಟರಿಗೆ ಹೋಗುತ್ತದೆಂಬ ನಂಬಿಕೆಯ ಮೇಲೆ ರಚಿತವಾದ ನಿಯಮಗಳು. ಉಳ್ಳಾರ್ತಿಯ ಆಷಾಢದಲ್ಲಿ ಬಣ್ಣವು ಗನ್ನಿನಿಂದ ಹೊರಟು ಬೇಲಿಯ ಕಡೆಗೆ ಹೋಯಿತು. ಬೇಲಿಯಾಚೆ ಕುರಿಹಿಂಡು ಸಾಗುತ್ತಿತ್ತು. ಹಿಂಡುಗಳು ಕಲೆತಾಗ ಗುರುತು ಸಿಕ್ಕಲೆಂದು ಕುರಿಗಾರರು ತಮ್ಮ ತಮ್ಮ ಕುರಿಗಳ ಬೆನ್ನಿಗೆ ಬಣ್ಣ ಹಚ್ಚುವುದುಂಟು. ಈ ಹಿಂಡಿನದು ನೀಲಿ, ಆಚೆಯ ಹಟ್ಟಿಯವರದು ಕೆಂಪು.

“ಯಜಮಾನ್ರೆ, ನನ್ನ ಕುರಿಗೆ ಎರಡು ಮನೆ ಗುರುತು ಬಿದ್ದೈತೆ. ಈಗ ಇದು ಯಾರದು?” ಎಂದು ಕುರಿಗಾರನು ಕೋಲೂರಿ ಕೇಳಿದನು.

“ಮ್ಯಾಸಿ ಕಂಪನೀದು” ಎಂದರು ದೊಡ್ಡಪ್ಪನವರು.

ಕುರಿಯನ್ನು ಥಿನ್ನರಿನಲ್ಲಿ ತೊಳೆಯಲಾಗದೆ, ಒಂದು ಚೀಲ ಶೇಂಗಾ ಹೊಟ್ಟಿನ ಮೇಲೆ ವ್ಯಾಜ್ಯ ಪರಿಹಾರವಾಯಿತು. ಅಂದಿನಿಂದ ಕೆಲಸವು ಗಾಳಿ ಏಳುವುದಕ್ಕೆ ಮೊದಲು, ಬೆಳಗಿನ ಜಾವದಲ್ಲಿ, ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಅಡಗಿಸಿ ನಡೆಯತೊಡಗಿತು. ಟೈರುಗಳಿಗೆ ಕೆಸರು ಮೆತ್ತಿ, ಹೆಡ್‌ಲೈಟುಗಳಿಗೆ ಹಳೆಯ ಪೇಪರು ಅಂಟಿಸಿ, ಎಂಜಿನಿಗೆ ಬೂದು, ಬಾನೆಟ್ಟಿಗೆ ಕೆಂಪು ಬಿತ್ತು. ಸೈಲೆನ್ಸರಿಗೂ ಕೆಂಪೇ ಇರಲೆಂದು ಅತ್ತೆ ಹಟ ಹಿಡಿದರು. ಮೊದಲ ಸಲ ಎಂಜಿನು ಬಿಸಿಯಾದಾಗ ಅದು ಸುಟ್ಟು ಊರಿಗೆಲ್ಲ ಸುವಾಸನೆ ಹಂಚಿತು.

ಮಡ್‌ಗಾರ್ಡಿನ ಮೇಲೆ ಏನು ಬರೆಯುವುದೆಂಬ ಚರ್ಚೆಯನ್ನು ಪೂರ್ತಿಯಾಗಿ ನಿವೇದಿಸಲು ಇನ್ನೊಂದು ಪ್ರಬಂಧವೇ ಬೇಕು. ಪೇಂಟರದು ಅಕ್ಷರಕ್ಕಿಷ್ಟೆಂಬ ದರ, ಒತ್ತಿಗೆ ಪ್ರತ್ಯೇಕ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರಿನಲ್ಲಿ ಒತ್ತುಗಳು ಎಷ್ಟಿವೆಯೆಂದು ದೊಡ್ಡಪ್ಪನವರು ಬೆರಳು ಮಡಿಸಿ ಎಣಿಸುತ್ತಿರುವುದನ್ನು ಕಂಡ ಅತ್ತೆ, ದೇವರ ಹತ್ತಿರವೂ ಲೆಕ್ಕವೇ ಎಂದು ಸೆರಗಿನ ಗಂಟು ಬಿಚ್ಚಿ ಹಣ ಕೊಟ್ಟರು.

ಟ್ರ್ಯಾಕ್ಟರು ಮದುವಣಗಿತ್ತಿಯಾಗಿ ನಿಂತ ಮರುದಿನ ಮೇಸ್ತ್ರಿಯು ಬಂದು, ಮನೆಯ ಕೆಲಸವೂ ಮುಗಿಯುತ್ತ ಬಂತೆಂದೂ ಗೋಡೆ ಕಿಟಕಿಗಳಿಗೆ ಯಾವ ಬಣ್ಣ ಆಗಬೇಕೆಂದೂ ಕೇಳಿದನು. ತಲೆಮಾರುಗಳು ಬಾಳಿ ಬದುಕಿದ ಮನೆ. ಆದರೆ ಯಾರಲ್ಲಿಯೂ ವಾದಿಸುವ ತ್ರಾಣ ಉಳಿದಿರಲಿಲ್ಲ. “ಯಾವುದಾದರೂ ಬಳಿಯಪ್ಪಾ” ಎಂದರು ದೊಡ್ಡಪ್ಪನವರು. ಆಗ ಚಿಕ್ಕಪ್ಪನವರು ಒಳಗೆ ಹೋಗಿ, ಮ್ಯಾಸಿಗೆಂದು ಮುಂಚಿತವಾಗಿಯೇ ತಂದು ಮಂಚದ ಕೆಳಗೆ ಬಚ್ಚಿಟ್ಟಿದ್ದ ನೀಲಿಯ ಡಬ್ಬವನ್ನು ಹೊರತಂದು, ಕಿಟಕಿಗಳಿಗೆ ಇದೇ ಆಗಲೆಂದು ಮೇಸ್ತ್ರಿಯ ಕೈಗಿತ್ತು, ಅಣ್ಣನಿಗೆ ಕೇಳಿಸದ ಹಾಗೆ, “ಪೂರ್ತಿ ಮುಗಿಸಬ್ಯಾಡ, ತಳದಾಗೆ ಒಂದಿಷ್ಟು ಉಳಿಸು” ಎಂದರು.